ಪದಚರ್ಚೆ: ಪಂಕ್ ಹಾಡು, ಮಿಕ್ಸಿಂಗ್: ಪೋಸ್ಟರಿಗೆ ಪದ ಬೇಕು, ನಾಳೆ ಸಂಜೆಯೊಳಗೆ

ಧಾರವಾಡದಿಂದ, ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಾವು ನಾಲ್ಕು ಜನ ಸೇರಿ ಕನ್ನಡದಲ್ಲಿ ಒಂದು ಪಂಕ್ ಹಾಡು ಮಾಡಿದ್ದೇವೆ. ಪಂಕ್ ಎಂದರೆ ರಾಕ್ ಸಂಗೀತದಲ್ಲೇ ಒಂದು ಬಗೆ: ಚಿಕ್ಕ ಹಾಡು, ಜೋರು ವೇಗ, ಸಿಟ್ಟಿನ ಮಾತು. ಬರೆದದ್ದು, ಹಾಸ್ಟೆಲ್ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು, ಮಿಕ್ಸ್ ಮಾಡಿದ್ದು ಎಲ್ಲ ನಾವೇ. ಹಾಡು ಇರುವುದು 1 ನಿಮಿಷ 48 ಸೆಕೆಂಡು. ಕಾಲೇಜಿನ ರಾಜ್ಯೋತ್ಸವದಲ್ಲಿ ಹಾಡಲು ಒಪ್ಪಿಗೆ ಸಿಕ್ಕಿದೆ. ಪೋಸ್ಟರ್ ಪೂರ್ತಿ ಕನ್ನಡದಲ್ಲಿರಬೇಕು ಎಂದಿದ್ದಾರೆ, ನಮಗೂ ಅದೇ ಆಸೆ. ಪ್ರಿಂಟಿಂಗ್ ಅಂಗಡಿಯವರು ನಾಳೆ ಸಂಜೆ 6ರೊಳಗೆ ಮ್ಯಾಟರ್ ಕೇಳಿದ್ದಾರೆ.

'ರೆಕಾರ್ಡಿಂಗ್' ತೊಂದರೆ ಇಲ್ಲ, ಧ್ವನಿಮುದ್ರಣ ಎಂದು ಹಾಕುತ್ತೇವೆ. 'ಪಂಕ್ ಹಾಡು' ಮತ್ತು 'ಮಿಕ್ಸಿಂಗ್' (ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಒಟ್ಟಿಗೆ ಹೊಂದಿಸುವ ಕೆಲಸ) ಈ ಎರಡಕ್ಕೆ ಪದ ಬೇಕು. ಮಿಕ್ಸಿಂಗಿಗೆ 'ಮಿಶ್ರಣ' ಎಂದು ಬರೆದು ನೋಡಿದೆ. ಕೆಮಿಸ್ಟ್ರಿ ಲ್ಯಾಬಿನ ರೆಕಾರ್ಡ್ ಪುಸ್ತಕ ಕಣ್ಣಿಗೆ ಬಂತು. ಮೂರು ವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನಾನು ಮಾಡಿದ ಕೆಲಸ ಆ ಪದದಲ್ಲಿ ಕಾಣುವುದಿಲ್ಲ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ದನಿಬೆರಕೆ. ಮಾಡಿದವನು ದನಿಬೆರಕೆಗಾರ. 'ಧ್ವನಿಮುದ್ರಣ'ವನ್ನೂ ತೆಗೆಯಿರಿ, ದನಿಯಚ್ಚು ಎನ್ನಿ. ಹಳೆಗನ್ನಡದ ಕವಿ ಆಂಡಯ್ಯ 'ಕಬ್ಬಿಗರ ಕಾವ'ವನ್ನು ಸಂಸ್ಕೃತದ ಪದಗಳನ್ನು ದೂರ ಇಟ್ಟೇ ಬರೆದ. ಅವನು ಒಂದು ಕಾವ್ಯ ಬರೆದ, ನಾವು ಒಂದು ಪೋಸ್ಟರ್ ಬರೆಯಲಾರೆವೇ?

ಮಂಡ್ಯದಿಂದ:

ಮೇಷ್ಟ್ರೇ, ಬೆರಕೆ ಬೇಡ. ನಮ್ಮೂರಲ್ಲಿ ಒಬ್ಬರನ್ನು ಬೆರಕೆ ಎಂದರೆ ಜಗಳ ಗ್ಯಾರಂಟಿ. ಅದಕ್ಕೆ 'ಕಲ' ಸೇರಿದರೆ ಹಾಲಿಗೆ ನೀರು, ಖಾರದ ಪುಡಿಗೆ ಇಟ್ಟಿಗೆ ಪುಡಿ. ಪಾಪ ಆ ಹುಡುಗ ಕಷ್ಟಪಟ್ಟು ಹಾಡು ಮಾಡಿದ್ದಾನೆ, ಹೆಸರಿನ ಮುಂದೆ ಬೆರಕೆಗಾರ ಎಂದು ಹಾಕಿಸುತ್ತೀರಾ?

ಇನ್ನೊಂದು ಮಾತು. 'ದನಿ' ಅಪ್ಪಟ ಕನ್ನಡವಲ್ಲ. ಧ್ವನಿಯ ತದ್ಭವ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ತದ್ಭವ ಬೇಡ ಎಂದು ನಾನು ಎಲ್ಲಿ ಹೇಳಿದೆ? ನಾಲಿಗೆಗೆ ಒಗ್ಗಿದ್ದು ನಮ್ಮದೇ. ಒಗ್ಗದ ಮಹಾಪ್ರಾಣ ಮಾತ್ರ ಬೇಡ.

ಉಡುಪಿಯಿಂದ:

'ಪಂಕ್ ಹಾಡು'ಗೆ ನನ್ನ ಸಲಹೆ: ಪುಂಡು ಹಾಡು. ದಯವಿಟ್ಟು ಪೂರ್ತಿ ಓದಿ, ಪುಂಡ ಎಂದರೆ ಪೋಲಿ ಎಂದು ಅಲ್ಲಿಗೇ ನಿಲ್ಲಬೇಡಿ.

ನಮ್ಮ ಯಕ್ಷಗಾನದಲ್ಲಿ ಪುಂಡುವೇಷ ಎಂದು ಇದೆ. ಅಭಿಮನ್ಯು, ಬಬ್ರುವಾಹನ, ಇವೆಲ್ಲ ಪುಂಡುವೇಷಗಳು. ಎಳೆ ವಯಸ್ಸು, ಎದುರಿಗೆ ದೊಡ್ಡವರ ದಂಡು, ಆದರೂ ಹಿಂದೆ ಸರಿಯುವುದಿಲ್ಲ. ವೇಷಧಾರಿ ರಂಗಕ್ಕೆ ನುಗ್ಗಿ ಒಂದರ ಹಿಂದೆ ಒಂದು ದಿಗಿಣ (ಸುತ್ತು ಹಾಕುತ್ತ ನೆಗೆಯುವ ಕುಣಿತ) ಹಾರುತ್ತಾನೆ, ಚೆಂಡೆ ಅವನ ಕಾಲಿನ ಜೊತೆಗೇ ಓಡುತ್ತದೆ. ರಾತ್ರಿ ಎರಡು ಗಂಟೆಗೆ ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುವುದು ಆಗಲೇ. ನಾನೂ ಹಾಗೆ ಎದ್ದು ಕೂತವನು. 'ಅವರ ಪುಂಡುವೇಷ ನೋಡಬೇಕು' ಎಂಬುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಚಕ್ರವ್ಯೂಹದೊಳಗೆ ಒಬ್ಬನೇ ನುಗ್ಗಿದ ಹದಿನಾರರ ಹುಡುಗನಿಗೆ ಒಪ್ಪುವ ಪದ ನಿಮ್ಮ ಹಾಡಿಗೆ ಒಪ್ಪುವುದಿಲ್ಲವೇ?

ಪಂಕ್, ಪುಂಡ ಎರಡಕ್ಕೂ ಬೇರು ಒಂದೇ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಬೆಂಗಳೂರಿನಿಂದ, ಭಾಷಾಶಾಸ್ತ್ರ ಓದಿದವಳು:

ಬೇರು ಒಂದೇ ಅಲ್ಲ. ಇಂಗ್ಲಿಷಿನಲ್ಲಿ 16-17ನೇ ಶತಮಾನದಲ್ಲಿ 'ಪಂಕ್' ಪದಕ್ಕೆ ವೇಶ್ಯೆ ಎಂಬ ಅರ್ಥ. ಕೊಳೆತು ಒಣಗಿದ ಮರಕ್ಕೂ ಅಮೆರಿಕದಲ್ಲಿ ಅದೇ ಪದ ಇತ್ತು. ಕೈಲಾಗದವನು, ಬೀದಿ ರೌಡಿ ಎಂಬ ಅರ್ಥ ಬಂದದ್ದು ಆಮೇಲೆ. ಹಾಡಿಗೆ ಅಂಟಿದ್ದು 1970ರ ದಶಕದಲ್ಲಿ. ನಮ್ಮ ಪುಂಡನಿಗೂ ಇದಕ್ಕೂ ಸಂಬಂಧ ಇಲ್ಲ.

ಪುಂಡ ಹಳೆಗನ್ನಡದ ಪದ ಎನ್ನುವುದೂ ಕಷ್ಟ. ಪಾಡು ಹಾಡಾಯಿತು, ಪುಲಿ ಹುಲಿಯಾಯಿತು. ಪುಂಡ ಹುಂಡ ಆಗಲಿಲ್ಲ. ಅಂದರೆ ಆ ಬದಲಾವಣೆ ಮುಗಿದ ಮೇಲೆ ಬಂದಿದೆ. ಮರಾಠಿಯಲ್ಲಿ ಪುಂಡ ಎಂದರೆ ದಂಗೆಯೆದ್ದವನು. ಅಲ್ಲಿಂದ ಬಂದಿರಬಹುದು.

ಉಡುಪಿಯಿಂದ:

ಪುಟ್ಟ, ಪುಡಿ, ಪುಕ್ಕ ಹಾಗೇ ಉಳಿದಿಲ್ವಾ ಮೇಡಂ?

ಬೆಂಗಳೂರಿನಿಂದ, ಭಾಷಾಶಾಸ್ತ್ರ ಓದಿದವಳು:

ಪುಡಿಗೆ ನಿಮ್ಮ ಕಡೆಯೇ ಹುಡಿ ಎನ್ನುತ್ತೀರಿ ಸರ್. ಪುಟ್ಟ, ಪುಕ್ಕದ ಕಥೆ ಬೇರೆ, ಇನ್ನೊಂದು ದಿನ ಮಾತಾಡೋಣ. ಪುಂಡುವೇಷದ ವಿಷಯ ಮಾತ್ರ ನೀವು ಹೇಳಿದ್ದು ಸರಿಯಾಗಿದೆ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾರ ಬಾಯಲ್ಲಿ ಬೆಳೆಯಿತು ಎನ್ನುವುದು ಈ ಹುಡುಗರಿಗೆ ಜಾಸ್ತಿ ಮುಖ್ಯ. ಪುಂಡು ಹಾಡು ಇರಲಿ.

ಶಿವಮೊಗ್ಗದಿಂದ:

ಪಂಕ್ ಬಂದಿರುವುದು 'ಪಂಕ'ದಿಂದ. ಪಂಕ ಎಂದರೆ ಕೆಸರು. ಕೆಸರಿನಿಂದ ಎದ್ದ ಹಾಡು. 'ಪಂಕಗೀತೆ' ಎನ್ನಿ.

ಬೆಂಗಳೂರಿನಿಂದ, ಭಾಷಾಶಾಸ್ತ್ರ ಓದಿದವಳು:

ಅಲ್ಲ.

ಕಲಬುರಗಿಯಿಂದ:

'ಪುಂಡಗೀತೆ' ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಹಾಗೆ. ಪುಂಡು ಹಾಡು ಆಗಬಹುದು. ಆದರೆ ಇಷ್ಟೆಲ್ಲ ಯಾಕೆ? 'ಪಂಕ್' ಎಂದೇ ಬರೆಯಿರಿ. ಫಿಡಲ್ ಬಂತು, ಪಿಟೀಲು ಆಯಿತು. ಚೌಡಯ್ಯನವರು ಏಳು ತಂತಿ ಹಾಕಿ ನುಡಿಸಿದರು, ಪಿಟೀಲು ಚೌಡಯ್ಯ ಎಂದೇ ಹೆಸರು ನಿಂತಿತು. ಅವರ ಕೈಯಲ್ಲಿದ್ದದ್ದು ಪರದೇಶದ ವಾದ್ಯ ಎಂದು ಇವತ್ತು ಯಾರಿಗಾದರೂ ಅನ್ನಿಸುತ್ತದೆಯೇ? ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತೇವೆ. ಪೆಟ್ಟಿಗೆಯಂತೆ ಕಂಡಿತು, ಪೇಟಿ ಎಂದರು. ಯಾವ ಪಂಡಿತರೂ ಕೂತು ಮಾಡಿದ ಪದ ಅಲ್ಲ. ಬಳಸುವವರು ಬಳಸಿ ಬಳಸಿ ದಾರಿ ಮಾಡುತ್ತಾರೆ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಅದು ಸೋಮಾರಿತನಕ್ಕೆ ಒಳ್ಳೆಯ ನೆಪ. 1935ರಲ್ಲಿ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ರೇಡಿಯೋ ಎಂದೇ ಬಿಡಬಹುದಿತ್ತು. ಆಕಾಶವಾಣಿ ಎಂಬ ಹೆಸರು ಬಂತು. ಆಮೇಲೆ ಇಡೀ ದೇಶವೇ ಆ ಹೆಸರು ತೆಗೆದುಕೊಂಡಿತು. ಯಾರೋ ಒಬ್ಬರು ಕೂತು ಯೋಚಿಸಿದ್ದಕ್ಕೇ ಅಲ್ವಾ?

ಕಲಬುರಗಿಯಿಂದ:

ಆಕಾಶವೂ ಸಂಸ್ಕೃತ, ವಾಣಿಯೂ ಸಂಸ್ಕೃತ. ಈಗ ಆಂಡಯ್ಯ ಎಲ್ಲಿ ಹೋದ?

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ನನ್ನ ಮಾತಿನ ತಿರುಳು ಅದಲ್ಲ. ನಿಮಗೂ ಗೊತ್ತಿದೆ.

ಧಾರವಾಡದಿಂದ, ವಿದ್ಯಾರ್ಥಿ:

ಎಲ್ಲರಿಗೂ ಥ್ಯಾಂಕ್ಸ್. ಪುಂಡು ಹಾಡು ನಮ್ಮ ನಾಲ್ವರಿಗೂ ಬಹಳ ಹಿಡಿಸಿತು. ನಮ್ಮ ಡ್ರಮ್ಮರ್ ಕುಂದಾಪುರದವನು, ಪುಂಡುವೇಷ ಎಂದು ಓದಿದ ತಕ್ಷಣ ಹಾಸಿಗೆಯಿಂದ ಎದ್ದು ಬಂದ. ಮಿಕ್ಸಿಂಗ್ ಇನ್ನೂ ಉಳಿದಿದೆ. ಆ ಕೆಲಸ ಹೇಗೆ ನಡೆಯಿತು ಎಂದು ಹೇಳುತ್ತೇನೆ, ಪದ ಅಲ್ಲೇ ಸಿಗಬಹುದು.

ಹಾಡಿನ ಪಲ್ಲವಿ ಇದು:

ನೀರು ಬರಲಿಲ್ಲ
ನೋಟೀಸು ಬಂತು

ಹಾಸ್ಟೆಲಿನಲ್ಲಿ ಒಂಬತ್ತು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಹತ್ತನೇ ದಿನ ನೀರು ಮಿತವಾಗಿ ಬಳಸಿ ಎಂದು ನೋಟೀಸು ಅಂಟಿಸಿದರು. ಕೊಡ ಹಿಡಿದು ಕೆಳಗೆ ನಿಂತಿದ್ದಾಗ ಈ ಎರಡು ಸಾಲು ಬಂದವು. ಆಮೇಲೆ ಮಾತ್ರೆ ಎಣಿಸಿದೆ. ಮೊದಲ ಸಾಲು ಮೂರು, ಐದು. ಎರಡನೆಯದು ಐದು, ಮೂರು. ಎರಡೂ ಎಂಟೆಂಟು. ನಿಮಿಷಕ್ಕೆ 184 ಪೆಟ್ಟಿನ ವೇಗದಲ್ಲೂ ಒಂದು ಅಕ್ಷರ ಕೆಳಗೆ ಬೀಳುವುದಿಲ್ಲ.

ರೆಕಾರ್ಡ್ ಮಾಡಲು ನಮ್ಮ ಹತ್ತಿರ ಇದ್ದದ್ದು ಎರಡು ಮೈಕ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ತೂತಿನ ಒಂದು ಇಂಟರ್‌ಫೇಸ್, ಒಂದು ಹಳೆ ಲ್ಯಾಪ್‌ಟಾಪ್. ನಾಲ್ಕೂ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಡ್ರಮ್ಸ್ ಮೊದಲು, ಆಮೇಲೆ ಬೇಸ್, ಗಿಟಾರ್ ಎರಡು ಸಲ, ಕೊನೆಗೆ ದನಿ. ಬೇರೆ ಬೇರೆಯಾಗಿ ಹಿಡಿದ ಒಟ್ಟು 11 ಟ್ರ್ಯಾಕ್.

ಎಲ್ಲ ಒಟ್ಟಿಗೆ ಹಾಕಿ ಕೇಳಿದರೆ 'ನೋಟೀಸು' ಕೇಳಲೇ ಇಲ್ಲ. ದನಿ ಜಾಸ್ತಿ ಮಾಡಿದೆ. ಆಗ ಹಾಡಿನ ಜೋರು ಹೋಯಿತು, ಗಿಟಾರ್ ಪಕ್ಕದ ಕೋಣೆಯಲ್ಲಿದ್ದಂತೆ ಕೇಳಿತು. ನಾಲ್ಕು ರಾತ್ರಿ ಹೀಗೇ ಹೋಯಿತು. ಆಮೇಲೆ ದನಿಯನ್ನು ಮುಟ್ಟದೆ ಗಿಟಾರಿನಲ್ಲಿ 2,500 ಹರ್ಟ್ಸ್ ಸುತ್ತಮುತ್ತ ಮೂರು ಡೆಸಿಬಲ್ ತಗ್ಗಿಸಿದೆ. ಅಷ್ಟೇ. 'ನೋಟೀಸು'ವಿನ ಟ, ಸ ಎರಡೂ ಎದ್ದು ನಿಂತವು. ಗಿಟಾರ್ ಒಂದಿಷ್ಟೂ ಸಣ್ಣಗಾಗಲಿಲ್ಲ. ಕೋಣೆಯಲ್ಲಿ ಮೂವರು ಮಲಗಿದ್ದರು, ನಾನು ಒಬ್ಬನೇ ಕಣ್ಣು ಒರೆಸಿಕೊಂಡೆ.

ಅದಕ್ಕೇ ಮಿಶ್ರಣ, ಬೆರಕೆ ಎರಡೂ ಸರಿ ಕಾಣುತ್ತಿಲ್ಲ. ನಾನು ಬೆರೆಸಲಿಲ್ಲ. ಒಬ್ಬರ ದನಿ ಇನ್ನೊಬ್ಬರನ್ನು ತುಳಿಯದ ಹಾಗೆ ಜಾಗ ಮಾಡಿಕೊಟ್ಟೆ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಹಾಡು ಚೆನ್ನಾಗಿದೆ ತಮ್ಮಾ. ಆದರೆ 'ನೋಟೀಸು' ತೆಗೆದು 'ತಿಳಿವಳಿಕೆ' ಹಾಕು.

ಮಂಡ್ಯದಿಂದ:

ತಿಳಿವಳಿಕೆ ಬಂತು ಎಂದರೆ ಬುದ್ಧಿ ಬಂತು ಎಂದಾಗುತ್ತದೆ ಮೇಷ್ಟ್ರೇ. ಹಾಡಿನ ಅರ್ಥವೇ ತಿರುಗಿಬಿಡುತ್ತದೆ. ಮಾತ್ರೆಯೂ ಹೋಗುತ್ತದೆ. ನೋಟೀಸು ಬಂದವರಿಗೆ ಅದು ನೋಟೀಸೇ.

ಬೆಂಗಳೂರಿನಿಂದ, ಸಿನಿಮಾ ಸೌಂಡ್ ಕೆಲಸದವನು:

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಈ ಗುಂಪಿನಲ್ಲಿ ಸುಮ್ನೆ ಓದಿಕೊಂಡಿರುತ್ತೇನೆ. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಬೆರೆಸುವುದು ಎಂದರೆ ಹಾಲಿಗೆ ಸಕ್ಕರೆ ಹಾಕಿದ ಹಾಗೆ, ಮತ್ತೆ ಬಿಡಿಸಲಾಗುವುದಿಲ್ಲ. ನಮ್ಮ ಕೆಲಸದಲ್ಲಿ ಎಲ್ಲವೂ ಕೂಡಿರಬೇಕು, ಎಲ್ಲವೂ ಬೇರೆ ಬೇರೆ ಕೇಳಬೇಕು. ಅಮೆರಿಕದ ಪಂಕ್ ತಂಡ ರಾಮೋನ್ಸ್‌ನ 1976ರ ಮೊದಲ ಆಲ್ಬಂ ಹೆಡ್‌ಫೋನಿನಲ್ಲಿ ಕೇಳಿ. ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ. ಪಂಕ್ ಎಂದರೆ ಬರೀ ಗದ್ದಲ ಎನ್ನುವವರು ಅದನ್ನು ಒಮ್ಮೆ ಗಮನಿಸಬೇಕು.

ನಾವು ಥಿಯೇಟರಿನಲ್ಲಿ ಮಾತಾಡುವಾಗ ಮಿಕ್ಸಿಂಗ್ ಎಂದೇ ಅನ್ನುತ್ತೇವೆ. ಆದರೆ ಕೆಲಸ ಮುಗಿಯಿತೇ ಎಂದು ಕೇಳುವುದು ಹೇಗೆ ಗೊತ್ತಾ? 'ಹದ ಬಂತಾ?' ನನ್ನ ಗುರುಗಳು ಹಾಗೇ ಕೇಳುತ್ತಿದ್ದರು.

ಉಡುಪಿಯಿಂದ:

ಹದ! ಮೃದಂಗದವರು ಎಡಕ್ಕೆ ರವೆ ಕಲಸಿ ಹಚ್ಚುತ್ತಾರಲ್ಲ, ಸ್ವಲ್ಪ ಹಚ್ಚಿ ಬಾರಿಸಿ ನೋಡುವುದು, ಮತ್ತೆ ಸ್ವಲ್ಪ ತೆಗೆಯುವುದು. ಅದೂ ಹದ ನೋಡುವ ಕೆಲಸವೇ.

ಶಿವಮೊಗ್ಗದಿಂದ:

ಹದ ಮಾಡುವುದು ಚರ್ಮವನ್ನು.

ಮಂಡ್ಯದಿಂದ:

ಮೃದಂಗಕ್ಕೆ ಇರುವುದು ಇನ್ನೇನು ಸ್ವಾಮಿ? ನಾವು ಮಣ್ಣಿಗೂ ಹದ ಎನ್ನುತ್ತೇವೆ, ಬೆಲ್ಲದ ಪಾಕಕ್ಕೂ ಎನ್ನುತ್ತೇವೆ, ಮಳೆಗೂ ಎನ್ನುತ್ತೇವೆ. ಹದ ಅಳತೆ ಪಾತ್ರೆಯಲ್ಲಿ ಬರುವುದಿಲ್ಲ, ಮಾಡಿದವನ ಕೈಗೆ, ಕಣ್ಣಿಗೆ, ಕಿವಿಗೆ ಗೊತ್ತಾಗುತ್ತದೆ. ಆ ಹುಡುಗ ಹೇಳಿದ ಮೂರು ಡೆಸಿಬಲ್ ಅದೇ ತಾನೆ?

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಹದ ಒಳ್ಳೆಯ ಪದ. ನನಗೆ ಹೊಳೆಯಬೇಕಿತ್ತು. 'ದನಿಹದ' ಎಂದು ಕೂಡಿಸಿ ಬರೆಯಲಿ.

ಕಲಬುರಗಿಯಿಂದ:

ಜನ ನಿಂತು ಓದುವುದು ಎರಡು ಸೆಕೆಂಡು. ಬರೀ 'ಹದ' ಎಂದರೆ ಅಡುಗೆಯವರ ಹೆಸರು ಎಂದುಕೊಳ್ಳುತ್ತಾರೆ. ಮೇಷ್ಟ್ರು ಹೇಳಿದ್ದೇ ಸರಿ, ದನಿಹದ. ನೋಡಿ, ನಾನೂ ಒಪ್ಪಿದೆ. ಆದರೆ ಗಿಟಾರ್, ಡ್ರಮ್ಸ್, ಬೇಸ್ ಮುಟ್ಟಬೇಡಿ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಡ್ರಮ್ಸಿಗೆ 'ತಮಟೆ' ಎನ್ನಬಹುದಲ್ಲ.

ಮಂಡ್ಯದಿಂದ:

ತಮಟೆ ತಮಟೆಯೇ ಮೇಷ್ಟ್ರೇ. ಅದನ್ನು ಬಾರಿಸುವವರು ಇದ್ದಾರೆ, ಅವರ ವಾದ್ಯದ ಹೆಸರು ತೆಗೆದು ಇನ್ನೊಂದಕ್ಕೆ ಇಡಬೇಡಿ.

ಧಾರವಾಡದಿಂದ, ವಿದ್ಯಾರ್ಥಿ:

ಈಗ ಸಂಜೆ 5:20, ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಮೇಲೆ 'ಪುಂಡು ಹಾಡು' ದೊಡ್ಡದಾಗಿ. ಕೆಳಗೆ ಮಾತು, ಗಿಟಾರ್, ಬೇಸ್, ಡ್ರಮ್ಸ್, ಧ್ವನಿಮುದ್ರಣ, ದನಿಹದ, ಎದುರಿಗೆ ನಮ್ಮ ಹೆಸರು. ಟೈಪ್ ಮಾಡುತ್ತಿದ್ದ ಅಣ್ಣ 'ದನಿಹದ' ನೋಡಿ 'ಯಾರು ಕೂತು ಸರಿ ಮಾಡಿದ್ರಿ?' ಎಂದು ಕೇಳಿದರು. ಅರ್ಥ ಹೇಳಬೇಕಾಗಿ ಬರಲಿಲ್ಲ.

ಮೇಷ್ಟ್ರೇ, ದನಿಯಚ್ಚು ಹಾಕಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಧ್ವನಿಮುದ್ರಣ ಎಂಬುದು ನಮ್ಮ ಅಜ್ಜಿಗೂ ಗೊತ್ತಿರುವ ಪದ.

ಕೊನೆಯದಾಗಿ ಒಂದು ಪದ ಬೇಕು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ಪಂಕ್ ತಂಡದವರು 500 ಪೌಂಡ್ ಸಾಲ ತಂದು ತಮ್ಮ ರೆಕಾರ್ಡನ್ನು ತಾವೇ ಹೊರತಂದರು. ಯಾವ ಹಾಡು ಎಷ್ಟನೇ ಟೇಕ್ ಎಂದು ಅದರ ಕವರಿನ ಮೇಲೆ ಹಾಕಿದ್ದರು. ಮುಚ್ಚುಮರೆ ಇಲ್ಲದ ಆ ರೀತಿ ನನಗೆ ಬಹಳ ಇಷ್ಟ. ನಮ್ಮದು ಏಳನೇ ಟೇಕ್. 'ಟೇಕ್'ಗೆ ಏನು ಹಾಕಲಿ? ಇನ್ನು 40 ನಿಮಿಷ ಇದೆ.

ಮಂಡ್ಯದಿಂದ:

'ಏಳನೇ ಸಲ ಹಾಡಿದ್ದು'.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಸರಿಯಾಗಿದೆ. ಸಲ ನಮ್ಮದೇ ಪದ.

ಬೆಂಗಳೂರಿನಿಂದ, ಭಾಷಾಶಾಸ್ತ್ರ ಓದಿದವಳು:

ಅಂಗಡಿಯವರಿಗೆ ಹೇಳು, 'ಪುಂಡು' ಮತ್ತು 'ಹಾಡು' ನಡುವೆ ಜಾಗ ಬಿಡಲಿ.