ಟ್ರೇನರ್ ಕೆಲಸ ಬಿಟ್ಟು ಪೂರ್ತಿ ರೀಲ್ಸ್‌ಗೆ ಇಳಿಯಬಹುದಾ?

ಗೋಕುಲ ರೋಡ್ ಟ್ರೇನರ್:
ಹುಬ್ಬಳ್ಳಿಯ ಒಂದು ಜಿಮ್‌ನಲ್ಲಿ ಪರ್ಸನಲ್ ಟ್ರೇನರ್ ಆಗಿದ್ದೇನೆ. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತುವವನು ನಾನೇ. ಪರ್ಸನಲ್ ಟ್ರೇನಿಂಗ್ ಫೀಸಿನಲ್ಲಿ ಅರ್ಧ ಓನರ್‌ಗೆ ಹೋಗುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡದಲ್ಲೇ ರೀಲ್ಸ್ ಹಾಕುತ್ತೇನೆ. "ಜೋಳದ ರೊಟ್ಟಿ ತಿಂದರೆ ದಪ್ಪ ಆಗ್ತೀವಾ?" ಅಂತ ಮಾಡಿದ್ದು ಲಕ್ಷ ವ್ಯೂಸ್ ದಾಟಿತು. ಚಿಗರಿ ಬಸ್ಸಿನಲ್ಲಿ ಒಬ್ಬರು ಗುರುತು ಹಿಡಿದು ಸೆಲ್ಫಿ ತಗೊಂಡರು! ಈಗ ಒಂದು ಪ್ರೋಟೀನ್ ಪುಡಿ ಕಂಪನಿಯವರು ಡಬ್ಬಿ ಪುಕ್ಕಟೆ ಕಳಿಸ್ತೀವಿ, ಕಮಿಷನ್ ಕೊಡ್ತೀವಿ ಅಂತಿದ್ದಾರೆ. ಅವ್ವ ಮಾತ್ರ "ಫೋನ್ ಮುಂದೆ ಕುಣಿದರೆ ಪಗಾರ ಯಾರು ಕೊಡ್ತಾರೆ?" ಅಂತಾಳೆ. ಜಿಮ್ ಬಿಡಬಹುದಾ?

ಸಪ್ತಾಪುರ ಕೋಚ್:
ತಮ್ಮಾ, ನಾನು ಧಾರವಾಡದಲ್ಲಿ ಇದೇ ದಾರಿಯಲ್ಲಿ ಬಂದವನು. 2020ರ ಮಾರ್ಚ್‌ನಲ್ಲಿ ಜಿಮ್‌ಗಳು ಮುಚ್ಚಿದವು, ಆಗಸ್ಟ್ ತನಕ ತೆರೆಯಲಿಲ್ಲ. ಮಾಳಿಗೆ ಮೇಲೆ ನಿಂತು ವಿಡಿಯೊ ಕಾಲ್‌ನಲ್ಲಿ ಸ್ಕ್ವಾಟ್ ಹೇಳಿಕೊಡುತ್ತಿದ್ದೆ. ಅದನ್ನೇ ರೆಕಾರ್ಡ್ ಮಾಡಿ ಹಾಕತೊಡಗಿದೆ. ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯ್ತು, ಅಲ್ಲಿದ್ದ ಫಾಲೋವರ್ಸ್ ಎಲ್ಲಾ ಹೋದರು. ಅವತ್ತಿನಿಂದ ಕ್ಲೈಂಟ್‌ಗಳ ನಂಬರ್ ನನ್ನ ಡೈರಿಯಲ್ಲಿ ಇರುತ್ತದೆ.

ವ್ಯೂಸ್ ನಂಬಿ ಮನೆ ನಡೆಯಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಅಷ್ಟಾದರೂ ನನಗೆ ಶಾರ್ಟ್ಸ್‌ನಿಂದ ಬರೋದು ಚಹಾ, ಗಿರಮಿಟ್ ಖರ್ಚಿಗೆ ಸರಿ. ನನ್ನ ಸಂಸಾರ ನಡೆಯೋದು ಆನ್‌ಲೈನ್ ಕೋಚಿಂಗ್ ಮೇಲೆ. ಹಾವೇರಿಯ ಟೀಚರ್, ಗದಗಿನ ಬಟ್ಟೆ ಅಂಗಡಿಯವರು, ಪುಣೆಗೆ ಹೋದ ನಮ್ಮೂರ ಹುಡುಗರು ವಿಡಿಯೊ ನೋಡಿ ಮೆಸೇಜ್ ಮಾಡುತ್ತಾರೆ. ಅವರು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಮಾಡುವ ವಿಡಿಯೊ ತರಿಸಿಕೊಂಡು ಬೆನ್ನು ಬಾಗಿದ್ದನ್ನು ತಿದ್ದಬೇಕು, "ಮನೆಯಲ್ಲಿ ಮದುವೆ ಇತ್ತು ಸರ್" ಅನ್ನೋ ನೆಪ ಕೇಳಬೇಕು. ಹಳೇ ಟ್ರೇನರ್ ಕೆಲಸವೇ, ಜಾಗ ಬೇರೆ.

ಸಂಜೆ ಬ್ಯಾಚ್ ಬಿಡು, ಬೆಳಗಿನದು ಬಿಡಬೇಡ. ಮೊಣಕಾಲು ನೋವಿನ ಕಾಕಾ, ಹೆರಿಗೆ ಆದ ಮೇಲೆ ಬಂದ ಅಕ್ಕ, ಇವರ ಪ್ರಶ್ನೆಗಳಿಂದಲೇ ನಿನಗೆ ವಿಷಯ ಸಿಗುತ್ತದೆ. ರೂಮಲ್ಲೇ ಕೂತರೆ ಮುಂಬೈ ಹುಡುಗರ ಕಾಪಿ ಹೊಡೀತೀಯ. ನಮ್ಮ ಜನಕ್ಕೆ ಬ್ರೊಕೊಲಿ ಯಾಕೆ? ಮಡಿಕೆ ಕಾಳು, ಶೇಂಗಾ ಹಿಂಡಿ ಬಗ್ಗೆ ಹೇಳು. ಶೇಂಗಾ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ ಸರಿ, ಕ್ಯಾಲೊರಿ 500 ದಾಟುತ್ತೆ ಅನ್ನೋದನ್ನೂ ಹೇಳು.

ಗದಗ ಟ್ಯಾಕ್ಸ್:
ಪುಕ್ಕಟೆ ಡಬ್ಬಿಯೂ ಆದಾಯವೇ ರೀ. 2022ರ ಜುಲೈನಿಂದ, ಒಂದು ಕಂಪನಿ ವರ್ಷದಲ್ಲಿ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸಾಮಾನು ಕೊಟ್ಟರೆ 10% ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಇದೆ. ದುಡ್ಡು ತಗೊಂಡು ಹೊಗಳಿದರೆ ಜಾಹೀರಾತು ಅಂತ ವಿಡಿಯೊದಲ್ಲೇ ಕಾಣುವಂತೆ ಹಾಕಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಕೇಶ್ವಾಪುರ ವೈನಿ:
ದುಡ್ಡು ಕೊಟ್ಟು ಆನ್‌ಲೈನ್ ಪ್ಲಾನ್ ತಗೊಂಡವಳು ನಾನು. ಹೆಸರು ಬೇಡ. ನನಗೆ ಥೈರಾಯ್ಡ್, ನನ್ನ ನಾದಿನಿಗೆ ಶುಗರ್. ಇಬ್ಬರಿಗೂ ಬಂದದ್ದು ಒಂದೇ ಪಿಡಿಎಫ್! ಮೇಲಿನ ಹೆಸರು ಮಾತ್ರ ಬೇರೆ. ತಮ್ಮಾ, ಹತ್ತು ಜನರನ್ನೇ ತಗೋ, ಆದರೆ ಅವರ ಜೊತೆ ಮಾತಾಡು. ಮತ್ತೆ ಆ ದೊಡ್ಡ ಮ್ಯೂಸಿಕ್ ಸ್ವಲ್ಪ ಕಡಿಮೆ ಮಾಡು, ನೀನು ಹೇಳೋದೇ ಕೇಳಿಸಲ್ಲ.

ಗೋಕುಲ ರೋಡ್ ಟ್ರೇನರ್:
ಅಣ್ಣಾರೆ, ವೈನಿ, ಥ್ಯಾಂಕ್ಸ್ ರೀ. ಸಂಜೆ ಬ್ಯಾಚ್ ಬಗ್ಗೆ ಓನರ್ ಹತ್ರ ಮಾತಾಡ್ತೀನಿ. ಕಂಪನಿಯವರಿಗೆ ಲ್ಯಾಬ್ ರಿಪೋರ್ಟ್ ಕಳಿಸಿ ಅಂದೆ. ಮೆಸೇಜ್ ನೋಡಿದ್ದಾರೆ, ಉತ್ತರ ಇಲ್ಲ.

ಸಪ್ತಾಪುರ ಕೋಚ್:
ಡಬ್ಬಿಯ ಫೋಟೊ ಕೇಳು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ 14 ಅಂಕಿ ಇರುತ್ತೆ, ಅದನ್ನು ಆ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಹಾಕಿ ನೋಡು. ಸಿಗದಿದ್ದರೆ ಬ್ಲಾಕ್ ಮಾಡು.