ಎರಡೂ ಕಡೆ ‘ಕನೆಕ್ಟೆಡ್’ ಎನ್ನುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ: ಎರಡು ಲಿನಕ್ಸ್ ಲ್ಯಾಪ್‌ಟಾಪ್‌ಗಳ ನಡುವಿನ ನೇರ ವೈಫೈ

ಪ್ರಶ್ನೆ:

ನಮಸ್ಕಾರ ಮೇಡಂ. ಕುಂದಾಪುರದ ಸುತ್ತಮುತ್ತ ನಡೆಯುವ ತಾಳಮದ್ದಳೆ ಕೂಟಗಳನ್ನು ನಾನೂ ನನ್ನ ತಮ್ಮನೂ ಹವ್ಯಾಸಕ್ಕಾಗಿ ಚಿತ್ರೀಕರಿಸಿ ಇಟ್ಟುಕೊಳ್ಳುತ್ತೇವೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಮುದ್ರಿಸಿದ್ದನ್ನು ಕೂಟ ಮುಗಿದ ಮೇಲೆ ಅಲ್ಲೇ ಕುಳಿತು ಎರಡನೆಯದಕ್ಕೆ ನಕಲು ಮಾಡಿಕೊಂಡು ಹೊರಡುವುದು ನಮ್ಮ ರೂಢಿ. ಪೆನ್‌ಡ್ರೈವ್‌ಗೆ ಒಮ್ಮೆ, ಅಲ್ಲಿಂದ ಇನ್ನೊಮ್ಮೆ ಎಂದು ಎರಡೆರಡು ಬಾರಿ ನಕಲು ಮಾಡುವ ರೇಜಿಗೆ ಬೇಡವೆಂದು ಎರಡೂ ಲ್ಯಾಪ್‌ಟಾಪ್‌ಗಳನ್ನು ವೈಫೈ ಮೂಲಕ ನೇರವಾಗಿ ಜೋಡಿಸಲು ಹೊರಟೆವು. ಸ್ಥಳದಲ್ಲಿ ರೂಟರ್ ಇರುವುದಿಲ್ಲ. ಎರಡರಲ್ಲೂ ಲಿನಕ್ಸ್ ಇದೆ. ಒಂದು ಹೊಸದು, ಇನ್ನೊಂದು ಸುಮಾರು ಹತ್ತು ವರ್ಷ ಹಳೆಯದು.

ಸೆಟ್ಟಿಂಗ್ಸ್‌ನಲ್ಲಿ ಅಡ್‌ಹಾಕ್ (ರೂಟರ್ ಇಲ್ಲದ ನೇರ ಜೋಡಣೆ) ಎಂಬುದನ್ನು ಆರಿಸಿ, ಎರಡೂ ಕಡೆ ಒಂದೇ ಹೆಸರು ಕೊಟ್ಟು, 192.168.1.1 ಮತ್ತು 192.168.1.2 ಎಂಬ ವಿಳಾಸಗಳನ್ನು ಕೈಯಾರೆ ಹಾಕಿದ್ದೇವೆ. ಎರಡೂ ‘ಕನೆಕ್ಟೆಡ್’ ಎಂದು ತೋರಿಸುತ್ತವೆ. ಆದರೆ ಪಿಂಗ್ (ಆಚೆಯ ಯಂತ್ರ ಓಗೊಡುತ್ತದೆಯೇ ಎಂಬ ಪರೀಕ್ಷೆ) ಮಾಡಿದರೆ ‘ಫ್ರಮ್ 192.168.1.1, ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬರುತ್ತದೆ. ಫೈರ್‌ವಾಲ್ ನಿಲ್ಲಿಸಿ ನೋಡಿದೆವು, ಚಾನೆಲ್ 36ಕ್ಕೆ ಬದಲಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ವಿಚಿತ್ರವೆಂದರೆ ಮೊದಲ ದಿನ ಒಮ್ಮೆ ತಾನಾಗಿಯೇ ಸರಿಯಾಗಿ ಕೆಲಸ ಮಾಡಿತ್ತು. ಆ ದಿನ ತಮ್ಮ ಅರ್ಧ ಗಂಟೆ ತಡವಾಗಿ ಬಂದು ಸೇರಿಕೊಂಡಿದ್ದ, ಉಳಿದಂತೆ ಏನೂ ವ್ಯತ್ಯಾಸವಿರಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ:

ನಮಸ್ಕಾರ. ನಿಮ್ಮ ತಮ್ಮ ತಡವಾಗಿ ಬಂದದ್ದೇ ಬಹುಮಟ್ಟಿಗೆ ಇದರ ಉತ್ತರ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮಗೆ ಸಿಕ್ಕ ದೋಷದ ಸಾಲನ್ನು ಗಮನವಿಟ್ಟು ಓದೋಣ. ‘ಫ್ರಮ್’ ಎಂಬುದರ ಮುಂದೆ ಇರುವುದು ನಿಮ್ಮದೇ ಯಂತ್ರದ ವಿಳಾಸ. ಅಂದರೆ ಆಚೆಯ ಲ್ಯಾಪ್‌ಟಾಪ್ ನಿಮ್ಮನ್ನು ನಿರಾಕರಿಸಿಲ್ಲ, ‘192.168.1.2 ಯಾರು, ನಿಮ್ಮ ವೈಫೈ ಕಾರ್ಡಿನ ಮ್ಯಾಕ್ ವಿಳಾಸ ತಿಳಿಸಿ’ ಎಂದು ನಿಮ್ಮ ಯಂತ್ರವೇ ಎಆರ್‌ಪಿ ಮೂಲಕ ಕೂಗಿ ಕರೆದು, ಯಾರೂ ಓಗೊಡದೆ ಹೋದಾಗ, ನಿಮಗೆ ವರದಿ ಒಪ್ಪಿಸಿದೆ. ಸಾಮಾನ್ಯ ಫೈರ್‌ವಾಲ್‌ಗಳು ಪಿಂಗನ್ನು ತಡೆಯುತ್ತವೆಯೇ ಹೊರತು ಎಆರ್‌ಪಿಯನ್ನು ತಡೆಯುವುದಿಲ್ಲ. ಆದ್ದರಿಂದ ಫೈರ್‌ವಾಲ್ ನಿಲ್ಲಿಸಿದ್ದರಿಂದ ಏನೂ ಆಗದಿದ್ದುದು ಸಹಜ. ತೊಂದರೆ ಅದಕ್ಕಿಂತ ಕೆಳಗೆ, ರೇಡಿಯೋ ಮಟ್ಟದಲ್ಲೇ ಇದೆ.

ಇನ್ನು ‘ಕನೆಕ್ಟೆಡ್’ ಎಂಬ ಮಾತಿನ ವಿಚಾರ. ರೂಟರ್ ಇರುವ ಜಾಲದಲ್ಲಿ ಆ ಮಾತಿಗೆ ಬೆಲೆಯಿದೆ, ಏಕೆಂದರೆ ಅಲ್ಲಿ ರೂಟರ್ ಒಪ್ಪಿಕೊಂಡರೆ ಮಾತ್ರ ಅದು ಬರುತ್ತದೆ. ಅಡ್‌ಹಾಕ್ ಎಂಬುದು 1997ರ ಮೊದಲ 802.11 ಮಾನದಂಡದಿಂದಲೂ ಇರುವ ಐಬಿಎಸ್‌ಎಸ್ ಎಂಬ ವ್ಯವಸ್ಥೆ. ಇದರಲ್ಲಿ ಒಪ್ಪಿಕೊಳ್ಳಲು ಯಜಮಾನನೇ ಇಲ್ಲ. ಯಂತ್ರವು ಆ ಹೆಸರಿನ ಗುಂಪು ಗಾಳಿಯಲ್ಲಿ ಇದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ತಾನೇ ಒಂದು ಗುಂಪನ್ನು ಹುಟ್ಟಿಸಿ, ಅದಕ್ಕೆ ಬಿಎಸ್‌ಎಸ್‌ಐಡಿ ಎಂಬ ಯಾದೃಚ್ಛಿಕ ಗುರುತು ಸಂಖ್ಯೆಯನ್ನು ಕೊಟ್ಟು, ಅದರೊಳಗೆ ಒಬ್ಬಂಟಿಯಾಗಿ ಕುಳಿತು ‘ಸೇರಿಕೊಂಡೆ’ ಎಂದು ಹೇಳುತ್ತದೆ. ನೀವಿಬ್ಬರೂ ಅಕ್ಕಪಕ್ಕ ಕುಳಿತು ಒಂದೇ ಹೊತ್ತಿಗೆ ಒತ್ತಿದಾಗ ಎರಡೂ ಹುಡುಕಿ, ಎರಡಕ್ಕೂ ಏನೂ ಸಿಗದೆ, ಎರಡೂ ತಮ್ಮ ತಮ್ಮ ಗುಂಪನ್ನು ಕಟ್ಟಿಕೊಂಡಿರುತ್ತವೆ. ಹೆಸರು ಒಂದೇ, ಗುರುತು ಸಂಖ್ಯೆ ಬೇರೆ. ಇಂಥ ಎರಡು ಗುಂಪುಗಳು ಎದುರಾದಾಗ ಯಾವುದರ ಗಡಿಯಾರ ಹಳೆಯದೋ ಅದರೊಳಗೆ ಇನ್ನೊಂದು ವಿಲೀನವಾಗಬೇಕೆಂದು ನಿಯಮವೇನೋ ಇದೆ, ಆದರೆ ಅದನ್ನು ಸರಿಯಾಗಿ ಪಾಲಿಸದ ಡ್ರೈವರ್‌ಗಳು (ಕಾರ್ಡನ್ನು ನಡೆಸುವ ತಂತ್ರಾಂಶಗಳು) ಬಹಳ. ನಿಮ್ಮ ತಮ್ಮ ತಡವಾಗಿ ಬಂದ ದಿನ ನಿಮ್ಮ ಗುಂಪು ಆಗಲೇ ಗಾಳಿಯಲ್ಲಿತ್ತು. ಅವರ ಯಂತ್ರ ಅದನ್ನು ಕಂಡು ಸೇರಿಕೊಂಡಿತು.

ಇದು ನನ್ನ ಊಹೆ ಮಾತ್ರ, ನೀವೇ ಖಚಿತಪಡಿಸಿಕೊಳ್ಳಿ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಿ. ಎಲ್ಲಕ್ಕೂ ಮುಂದೆ ‘ಸುಡೊ’ ಇರಲಿ. ಎರಡೂ ಕಡೆ ‘ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಲಿಂಕ್’ ಎಂದು ಕೊಡಿ. (ನಿಮ್ಮ ಕಾರ್ಡಿನ ಹೆಸರು ಬೇರೆಯಿರಬಹುದು, ಬರೀ ‘ಐಡಬ್ಲ್ಯೂ ಡೆವ್’ ಎಂದರೆ ಗೊತ್ತಾಗುತ್ತದೆ.) ‘ಜಾಯಿನ್ಡ್ ಐಬಿಎಸ್‌ಎಸ್’ ಎಂಬುದರ ಮುಂದೆ ಎರಡೆರಡು ಅಂಕೆಗಳ ಆರು ಜೋಡಿ ಕಾಣುತ್ತದೆ. ಎರಡೂ ಪರದೆಗಳನ್ನು ಪಕ್ಕಪಕ್ಕ ಇಟ್ಟು ಆ ಜೋಡಿಗಳನ್ನು ಒಂದೊಂದಾಗಿ ಓದಿ ಹೋಲಿಸಿ. ಒಂದೇ ಒಂದು ಜೋಡಿ ಬೇರೆಯಿದ್ದರೂ ನೀವಿಬ್ಬರೂ ಬೇರೆ ಬೇರೆ ಗುಂಪಿನಲ್ಲಿದ್ದೀರಿ ಎಂದೇ ಅರ್ಥ. ‘ಡಿಮೆಸ್ಜಿ’ ಕಮಾಂಡಿನಲ್ಲಿ ಎರಡೂ ಕಡೆ ‘ಕ್ರಿಯೇಟಿಂಗ್ ನ್ಯೂ ಐಬಿಎಸ್‌ಎಸ್ ನೆಟ್‌ವರ್ಕ್’ ಎಂಬ ಸಾಲು ಕಂಡರೆ ಸಂಶಯವೇ ಉಳಿಯುವುದಿಲ್ಲ.

ಹಾಗಿದ್ದಲ್ಲಿ ವಿಲೀನದ ನಿಯಮವನ್ನು ನಂಬಿ ಕೂರುವ ಬದಲು ಗುರುತು ಸಂಖ್ಯೆಯನ್ನು ನಾವೇ ನಿಗದಿ ಮಾಡಿಬಿಡುವುದು ಒಳ್ಳೆಯದು. ಮೊದಲು, ವೈಫೈ ಜೋಡಣೆಗಳನ್ನು ತಾನೇ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ನಡುವೆ ಕೈಹಾಕದಂತೆ ‘ಎನ್ಎಂಸಿಎಲ್‌ಐ ಡಿವೈಸ್ ಸೆಟ್ ಡಬ್ಲ್ಯೂಲ್ಯಾನ್0 ಮ್ಯಾನೇಜ್ಡ್ ನೋ’ ಎಂದು ಹೇಳಿ ಬಿಡಿಸಿಕೊಳ್ಳಿ. ಇದನ್ನು ಮರೆತರೆ ನೀವು ಕಟ್ಟಿದ್ದನ್ನು ಅದು ಅರ್ಧ ನಿಮಿಷದಲ್ಲಿ ಕೆಡವಿ ಮನೆಯ ವೈಫೈ ಹುಡುಕತೊಡಗುತ್ತದೆ. ಬಳಿಕ ‘ಐಪಿ ಲಿಂಕ್ ಸೆಟ್ ಡಬ್ಲ್ಯೂಲ್ಯಾನ್0 ಡೌನ್’, ಆಮೇಲೆ ‘ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಸೆಟ್ ಟೈಪ್ ಐಬಿಎಸ್‌ಎಸ್’, ಆಮೇಲೆ ಮತ್ತೆ ‘ಐಪಿ ಲಿಂಕ್’ ಕಮಾಂಡಿನಲ್ಲೇ ‘ಅಪ್’. ಕೊನೆಗೆ ‘ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಐಬಿಎಸ್‌ಎಸ್ ಜಾಯಿನ್ ಕೂಟ 2412 ಫಿಕ್ಸ್ಡ್-ಫ್ರೀಕ್ 02:11:22:33:44:55’. ಇಲ್ಲಿ ‘ಕೂಟ’ ಎಂಬುದು ನೀವಿಟ್ಟ ಹೆಸರು, 2412 ಎಂಬುದು ಚಾನೆಲ್ 1ರ ಆವರ್ತನ, ಕೊನೆಯದು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕಾದ ಗುರುತು ಸಂಖ್ಯೆ. ಅದು 02ರಿಂದ ಆರಂಭವಾಗುವುದು ಸುಮ್ಮನೆ ಅಲ್ಲ. ಯಾವ ತಯಾರಕರಿಗೂ ಸೇರದ, ಸ್ಥಳೀಯವಾಗಿ ಇಟ್ಟುಕೊಂಡ ಸಂಖ್ಯೆ ಎಂಬುದನ್ನು ಅದು ಸೂಚಿಸುತ್ತದೆ.

ಚಾನೆಲ್ 36ರ ಪ್ರಯತ್ನವನ್ನು ಸದ್ಯಕ್ಕೆ ಬಿಟ್ಟುಬಿಡಿ. ಯಾವ ದೇಶದಲ್ಲಿದ್ದೇನೆ ಎಂದು ಕಾರ್ಡಿಗೆ ತಿಳಿಯದಿದ್ದರೆ, ಅಂದರೆ ‘ಐಡಬ್ಲ್ಯೂ ರೆಗ್ ಗೆಟ್’ ಎಂದಾಗ ದೇಶದ ಜಾಗದಲ್ಲಿ 00 ಎಂದು ಬಂದರೆ, 5 ಗಿಗಾಹರ್ಟ್ಸ್ ಚಾನೆಲ್‌ಗಳಲ್ಲಿ ತಾನಾಗಿ ಮೊದಲು ಪ್ರಸಾರ ಆರಂಭಿಸಲು ಲಿನಕ್ಸ್ ಅದಕ್ಕೆ ಬಿಡುವುದಿಲ್ಲ. ಅಡ್‌ಹಾಕ್‌ನಲ್ಲಿ ಯಾರಾದರೂ ಒಬ್ಬರು ಮೊದಲು ಆರಂಭಿಸಲೇಬೇಕು. 1, 6, 11 ಈ ಮೂರರಲ್ಲಿ ಒಂದನ್ನು ಹಿಡಿದುಕೊಂಡರೆ ಈ ತಕರಾರು ಬರುವುದಿಲ್ಲ.

ನಡುವೆ ದೋಷ ಬಂದರೆ ಸಂಖ್ಯೆಯನ್ನು ನೋಡಿ. ಮೈನಸ್ 16 ಎಂದರೆ ಕಾರ್ಡನ್ನು ‘ಡೌನ್’ ಮಾಡದೆಯೇ ಟೈಪ್ ಬದಲಿಸಲು ಹೊರಟಿದ್ದೀರಿ. ಮೈನಸ್ 95 ಎಂದರೆ ನಿಮ್ಮ ಡ್ರೈವರ್ ಇದನ್ನು ಮಾಡುವುದೇ ಇಲ್ಲ. ‘ಆರ್‌ಎಫ್-ಕಿಲ್’ (ರೇಡಿಯೋ ಆಫ್ ಆಗಿದೆ) ಎಂದು ಬೈದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದು ಕೊಡಿ. ಹಳೆಯ ಲ್ಯಾಪ್‌ಟಾಪಿನ ಬದಿಯಲ್ಲಿ ವೈಫೈ ಆಫ್ ಮಾಡುವ ಸಣ್ಣ ಗುಂಡಿಯೊಂದು ಇರಬಹುದು, ಅದನ್ನೂ ನೋಡಿ.

ಆಮೇಲೆ ವಿಳಾಸ. 192.168.1 ಸಾಲನ್ನು ಬಿಟ್ಟು 192.168.50 ಸಾಲನ್ನು ಬಳಸಿ. ಮನೆಯ ರೂಟರ್‌ಗಳು ಹೆಚ್ಚಾಗಿ ಮೊದಲ ಸಾಲಿನಲ್ಲೇ ಇರುತ್ತವಾದ್ದರಿಂದ ಮುಂದೆಂದಾದರೂ ಗೊಂದಲವಾಗುತ್ತದೆ.

ಪ್ರಶ್ನೆ ಕೇಳಿದವರು:

ಮೇಡಂ, ತಾವು ಹೇಳಿದಂತೆಯೇ ಇತ್ತು. ನನ್ನದರಲ್ಲಿ ಕೊನೆಯ ಜೋಡಿ 41, ತಮ್ಮನದರಲ್ಲಿ 97. ಸಂಖ್ಯೆಯನ್ನು ನಿಗದಿ ಮಾಡಿ ಸೇರಿದ ಮೇಲೆ ಎರಡೂ ಕಡೆ 02:11:22:33:44:55 ಎಂದೇ ತೋರಿಸುತ್ತಿದೆ. ‘ಸ್ಟೇಷನ್ ಡಂಪ್’ ಎಂಬ ಕಮಾಂಡನ್ನು ಈ ಪ್ರಶ್ನೋತ್ತರ ಗುಂಪಿನ ಹಳೆಯ ಉತ್ತರವೊಂದರಲ್ಲಿ ನೋಡಿ ಪ್ರಯತ್ನಿಸಿದೆ; ಅದರಲ್ಲಿ ತಮ್ಮನ ಕಾರ್ಡಿನ ವಿಳಾಸವೂ ಸಿಗ್ನಲ್ ಮೈನಸ್ 38 ಎಂದೂ ಬರುತ್ತದೆ. ಆದರೂ ನನ್ನ ಯಂತ್ರದಿಂದ 192.168.50.2ಕ್ಕೆ ಪಿಂಗ್ ಮಾಡಿದರೆ ಈಗ ದೋಷವೂ ಇಲ್ಲ, ಉತ್ತರವೂ ಇಲ್ಲ, ಸುಮ್ಮನೆ ನಿಂತುಬಿಡುತ್ತದೆ. ನಿಲ್ಲಿಸಿದಾಗ ನೂರಕ್ಕೆ ನೂರು ನಷ್ಟ ಎನ್ನುತ್ತದೆ. ಈ ಪ್ರಶ್ನೋತ್ತರ ಗುಂಪಿಗೆ ಬರೆಯಲೆಂದು ಮೊಬೈಲನ್ನು ಯುಎಸ್‌ಬಿ ಮೂಲಕ ಜೋಡಿಸಿ ಇಂಟರ್ನೆಟ್ ಪಡೆದಿದ್ದೇನೆ, ಅದರಿಂದ ತೊಂದರೆಯಾಗಬಹುದೇ?

ಉತ್ತರ:

ರೇಡಿಯೋ ಮಟ್ಟದಲ್ಲಿ ಇನ್ನು ಏನನ್ನೂ ಮುಟ್ಟಬೇಡಿ. ಮೈನಸ್ 38 ಎಂದರೆ ಒಂದೇ ಮೇಜಿನ ಮೇಲಿರುವ ಎರಡು ಯಂತ್ರಗಳಿಗೆ ತಕ್ಕ, ಬಹಳ ಗಟ್ಟಿಯಾದ ಸಿಗ್ನಲ್. ಈಗ ದಾರಿ ತಪ್ಪಿರುವುದು ಐಪಿ ಮಟ್ಟದಲ್ಲಿ, ಮತ್ತು ಮೊಬೈಲಿನ ವಿಷಯ ನೀವೇ ಹೇಳಿದ್ದರಿಂದ ನನ್ನ ಕೆಲಸ ಹಗುರವಾಯಿತು.

‘ಐಪಿ ರೂಟ್ ಗೆಟ್ 192.168.50.2’ ಎಂದು ಕೇಳಿ. ಆ ವಿಳಾಸಕ್ಕೆ ಹೋಗುವ ಪೊಟ್ಟಣವನ್ನು ಯಾವ ಬಾಗಿಲಿನಿಂದ ಹೊರಗೆ ಕಳಿಸುತ್ತೇನೆ ಎಂಬುದನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನೇ ಹೇಳುತ್ತದೆ. ಡಬ್ಲ್ಯೂಲ್ಯಾನ್0 ಎನ್ನುವ ಬದಲು ಯುಎಸ್‌ಬಿ0 ಎಂದು ಹೇಳಿದರೆ, ನಿಮ್ಮ ಪಕ್ಕದಲ್ಲೇ ಕುಳಿತ ತಮ್ಮನಿಗೆ ಬರೆದ ಕಾಗದವನ್ನು ಅದು ಮೊಬೈಲ್ ಕಂಪನಿಯ ಕಡೆಗೆ ಅಂಚೆ ಮಾಡುತ್ತಿದೆ ಎಂದಾಯಿತು. ಮೊಬೈಲ್ ಇಲ್ಲದಿದ್ದರೆ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದು ತಕ್ಷಣ ಹೇಳಿ ಸುಮ್ಮನಾಗುತ್ತಿತ್ತು. ಮೊಬೈಲಿನ ಮೂಲಕ ಹೊರದಾರಿಯೊಂದು ಇರುವುದರಿಂದ ದೂರು ಹೇಳದೆ ಅಲ್ಲಿಗೆ ಕಳಿಸುತ್ತಿದೆ.

ಹೀಗಾಗುವುದಕ್ಕೆ ಕಾರಣ ಹೆಚ್ಚಾಗಿ ಒಂದೇ. ‘ಐಪಿ ಅಡ್ರ್ ಆ್ಯಡ್ 192.168.50.1 ಡೆವ್ ಡಬ್ಲ್ಯೂಲ್ಯಾನ್0’ ಎಂದು ಬರೆದು, ವಿಳಾಸದ ಬಾಲಕ್ಕೆ /24 (ವಿಳಾಸದ ಮೊದಲ ಮೂರು ಭಾಗ ಒಂದೇ ಇರುವವರೆಲ್ಲ ನನ್ನದೇ ಜಾಲದವರು ಎಂಬ ಗುರುತು) ಹಾಕುವುದನ್ನು ಮರೆತಿರುತ್ತೀರಿ. ಹಾಕದಿದ್ದರೆ ಈ ಕಮಾಂಡ್ ಅದನ್ನು /32 ಎಂದು ತಿಳಿಯುತ್ತದೆ, ಅಂದರೆ ಈ ಜಾಲದಲ್ಲಿ ನಾನೊಬ್ಬನೇ ಇರುವುದು ಎಂದು. ಆಗ 50.2 ಎಂಬುದು ಅದರ ಪಾಲಿಗೆ ಪರದೇಶ. ಹಳೆಯ ‘ಇಫ್‌ಕಾನ್ಫಿಗ್’ ಕಮಾಂಡ್ ಇಂಥಲ್ಲಿ ತಾನೇ /24 ಎಂದು ಊಹಿಸಿಕೊಳ್ಳುತ್ತಿತ್ತು; ಅದರಲ್ಲಿ ಕಲಿತವರೆಲ್ಲ, ನಾನೂ ಸೇರಿದಂತೆ, ಒಮ್ಮೆಯಾದರೂ ಇಲ್ಲಿ ಎಡವಿದ್ದೇವೆ. ‘ಐಪಿ ಅಡ್ರ್ ಫ್ಲಶ್ ಡೆವ್ ಡಬ್ಲ್ಯೂಲ್ಯಾನ್0’ ಎಂದು ಹಳೆಯದನ್ನು ತೊಳೆದು, 192.168.50.1/24 ಎಂದು ಪೂರ್ತಿಯಾಗಿ ಮತ್ತೆ ಹಾಕಿ. ಮೊಬೈಲನ್ನು ಕಿತ್ತುಹಾಕಬೇಕಾಗಿಲ್ಲ.

ಇನ್ನೊಬ್ಬ ಸದಸ್ಯರು:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ ಮೇಡಂ. ನನ್ನ ಕಾರ್ಡಿನಲ್ಲಿ ಟೈಪ್ ಬದಲಿಸುವಾಗಲೇ ಮೈನಸ್ 95 ಬರುತ್ತದೆ. ಬೇರೆ ದಾರಿ ಇದೆಯೇ? ಇನ್ನೊಂದು ಸಂಶಯ, ನೀವು ಹೇಳಿದ ಕ್ರಮದಲ್ಲಿ ಪಾಸ್‌ವರ್ಡ್ ಎಲ್ಲಿಯೂ ಬರಲಿಲ್ಲವಲ್ಲ?

ಉತ್ತರ:

‘ಐಡಬ್ಲ್ಯೂ ಲಿಸ್ಟ್’ ಎಂದು ಕೊಟ್ಟು ‘ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್’ ಎಂಬ ಪಟ್ಟಿಯನ್ನು ನೋಡಿ. ಅದರಲ್ಲಿ ಐಬಿಎಸ್‌ಎಸ್ ಇಲ್ಲದೆ ಎಪಿ (ರೂಟರ್‌ನಂತೆ ತಾನೇ ಯಜಮಾನನಾಗುವ ವಿಧಾನ) ಇದ್ದರೆ ಹಾಟ್‌ಸ್ಪಾಟ್ ಮಾಡಿಬಿಡಿ: ‘ಎನ್ಎಂಸಿಎಲ್‌ಐ ಡಿವೈಸ್ ವೈಫೈ ಹಾಟ್‌ಸ್ಪಾಟ್’ ಎಂದು ಬರೆದು ಎಸ್‌ಎಸ್‌ಐಡಿ (ಜಾಲದ ಹೆಸರು), ಪಾಸ್‌ವರ್ಡ್ ಎರಡನ್ನೂ ಅದೇ ಸಾಲಿನಲ್ಲಿ ಕೊಟ್ಟರಾಯಿತು. ಆ ಯಂತ್ರ 10.42.0.1 ಎಂಬ ವಿಳಾಸವನ್ನು ತಾನು ಇಟ್ಟುಕೊಂಡು, ಬಂದು ಸೇರಿದವರಿಗೆ ವಿಳಾಸವನ್ನು ತಾನೇ ಹಂಚುತ್ತದೆ. ನಿಜ ಹೇಳಬೇಕೆಂದರೆ, ಎರಡರಲ್ಲಿ ಒಂದು ಕಾರ್ಡಿಗಾದರೂ ಎಪಿ ಬರುತ್ತದೆ ಎಂದಾದರೆ ನಾನು ಅಡ್‌ಹಾಕ್‌ನ ಸಹವಾಸಕ್ಕೇ ಹೋಗುವುದಿಲ್ಲ.

ಪಾಸ್‌ವರ್ಡ್ ಬಿಟ್ಟದ್ದು ಬೇಕೆಂದೇ. ಅಡ್‌ಹಾಕ್‌ನಲ್ಲಿ ಎಲ್ಲೆಡೆ ಸುಲಭವಾಗಿ ಸಿಗುವುದು ಡಬ್ಲ್ಯೂಇಪಿ ಎಂಬ ಹಳೆಯ ಬೀಗ. ಅದನ್ನು ಮುರಿಯುವ ಬಗೆ 2001ರಲ್ಲೇ ಪ್ರಕಟವಾಗಿದೆ. ಡಬ್ಲ್ಯೂಪಿಎ2ರ ರಕ್ಷಣೆ ಕೆಲವು ಡ್ರೈವರ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಎಸ್‌ಎಸ್‌ಎಚ್ (ಗೂಢಲಿಪಿಯ ಸಂಪರ್ಕ) ಮೂಲಕ ಆರ್‌ಸಿಂಕ್ (ಕಡತ ನಕಲಿಸುವ ಕಮಾಂಡ್) ಮಾಡಿದರೆ ಕಡತ ಹೇಗೂ ಗೂಢಲಿಪಿಯಲ್ಲೇ ಹೋಗುತ್ತದೆ, ಆದರೆ ಗುಂಪಿನೊಳಗೆ ಯಾರು ಬೇಕಾದರೂ ಬಂದು ಕೂರಬಹುದು ಎಂಬುದು ನೆನಪಿರಲಿ. ಮುಖ್ಯವಾಗಿ, ಮೊದಲು ಬೀಗವಿಲ್ಲದೆ ಬಾಗಿಲು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಬೀಗ ಹಾಕಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಯಾವುದು ಕೆಟ್ಟಿದೆ ಎಂಬುದೇ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:

/24 ಹಾಕಿದ ಕೂಡಲೇ ಪಿಂಗ್ ಬಂತು ಮೇಡಂ, ತುಂಬಾ ಉಪಕಾರವಾಯಿತು. ಈಗ ಆರ್‌ಸಿಂಕ್‌ನಿಂದ ನಕಲು ನಡೆಯುತ್ತಿದೆ, ಆದರೆ ಸೆಕೆಂಡಿಗೆ 2.5 ಮೆಗಾಬೈಟ್‌ಗಿಂತ ಮೇಲೆ ಏರುತ್ತಿಲ್ಲ. ನಮ್ಮ ಒಂದು ಕೂಟದ ವಿಡಿಯೋ 40 ಗಿಗಾಬೈಟ್ ಇರುತ್ತದೆ. ಇದನ್ನು ಹೆಚ್ಚಿಸಬಹುದೇ?

ಉತ್ತರ:

‘ಸ್ಟೇಷನ್ ಡಂಪ್’ನಲ್ಲಿ ‘ಟಿಎಕ್ಸ್ ಬಿಟ್‌ರೇಟ್’ ಎಂಬ ಸಾಲಿದೆ, ಅದು 54 ಎನ್ನುತ್ತಿರಬೇಕು. ಕಾಗದದ ಮೇಲಿನ 54 ಮೆಗಾಬಿಟ್‌ನಲ್ಲಿ ಕೈಗೆ ಸಿಗುವುದು ಇಪ್ಪತ್ತರ ಆಸುಪಾಸು, ನಿಮ್ಮ 2.5 ಮೆಗಾಬೈಟ್ ಎಂದರೆ ಅದೇ. ಜಾಯಿನ್ ಕಮಾಂಡಿನಲ್ಲಿ 2412ರ ನಂತರ ‘ಎಚ್‌ಟಿ20’ (54ಕ್ಕಿಂತ ವೇಗದ ವೈಫೈ ವಿಧಾನ) ಎಂದು ಸೇರಿಸಿ ಎರಡೂ ಕಡೆ ಮತ್ತೆ ಸೇರಿ ನೋಡಿ (ಅದಕ್ಕೆ ಮೊದಲು ‘ಐಬಿಎಸ್‌ಎಸ್ ಲೀವ್’ ಕೊಡಬೇಕು, ಇಲ್ಲದಿದ್ದರೆ ಮೈನಸ್ 114 ಬರುತ್ತದೆ). ‘ಸೆಟ್ ಪವರ್_ಸೇವ್ ಆಫ್’ ಎಂಬುದೂ ಕೆಲವೊಮ್ಮೆ ಸಹಾಯ ಮಾಡುತ್ತದೆ. ಹಳೆಯ ಕಾರ್ಡಿನ ಡ್ರೈವರ್ ಒಪ್ಪಿದರೆ ವೇಗ ಏರುತ್ತದೆ, ಒಪ್ಪದಿದ್ದರೆ ಇಷ್ಟೇ.

ಆದರೆ 40 ಗಿಗಾಬೈಟ್ ಎಂಬ ಮಾತನ್ನು ಮೊದಲೇ ಹೇಳಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ಈ ವೇಗದಲ್ಲಿ ಅದಕ್ಕೆ ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಎರಡೂ ಲ್ಯಾಪ್‌ಟಾಪ್‌ಗಳಿಗೆ ಲ್ಯಾನ್ ಪೋರ್ಟ್ ಇದ್ದರೆ ಎರಡು ಮೀಟರಿನ ಸಾಮಾನ್ಯ ಲ್ಯಾನ್ ಕೇಬಲ್ ಒಂದನ್ನು ನೇರವಾಗಿ ಸಿಕ್ಕಿಸಿ, 192.168.60.1/24 ಮತ್ತು 192.168.60.2/24 ಎಂದು ವಿಳಾಸ ಕೊಡಿ. ಹಿಂದಿನ ಕಾಲದ ಕ್ರಾಸ್ ಕೇಬಲ್ (ಒಳಗಿನ ತಂತಿಗಳನ್ನು ಅದಲುಬದಲು ಜೋಡಿಸಿದ್ದು) ಈಗ ಬೇಡ. ಗಿಗಾಬಿಟ್ ಪೋರ್ಟುಗಳು ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಎರಡೂ ಗಿಗಾಬಿಟ್ ಆಗಿದ್ದು ಹಳೆಯ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಸ್ವಲ್ಪ ಏದುಸಿರು ಬಿಟ್ಟರೂ ಹತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಒಂದು ಪೋರ್ಟ್ 100 ಮೆಗಾಬಿಟ್‌ನದ್ದಾದರೆ ಒಂದು ಗಂಟೆ. ಯಾವುದೆಂದು ‘ಈಥ್‌ಟೂಲ್’ ಕಮಾಂಡಿನ ‘ಸ್ಪೀಡ್’ ಸಾಲಿನಲ್ಲಿ ಗೊತ್ತಾಗುತ್ತದೆ. ಈಗ ನಡೆಯುತ್ತಿರುವ ನಕಲನ್ನು ನಡುವೆ ನಿಲ್ಲಿಸಿ ಕೇಬಲ್‌ಗೆ ಬದಲಾಗುವುದಾದರೆ ಆರ್‌ಸಿಂಕ್‌ಗೆ ‘ಪಾರ್ಷಿಯಲ್’ ಎಂಬ ಆಯ್ಕೆ ಕೊಟ್ಟಿದ್ದೀರಾ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಬಂದಿರುವ ಕಡತವನ್ನು ಅದು ಅಳಿಸಿಹಾಕುತ್ತದೆ.

ಮತ್ತು ಮನೆಗೆ ಹೋದ ಮೇಲೆ ‘ವೈಫೈ ಬರುತ್ತಿಲ್ಲ’ ಎಂದು ಗಾಬರಿಯಾಗಬೇಡಿ. ಟೈಪನ್ನು ‘ಮ್ಯಾನೇಜ್ಡ್’ಗೆ ಬದಲಿಸಿ, ಮೊದಲು ಕೊಟ್ಟ ‘ಎನ್ಎಂಸಿಎಲ್‌ಐ’ ಕಮಾಂಡಿನ ಕೊನೆಯ ‘ನೋ’ ಬದಲು ‘ಯೆಸ್’ ಎಂದು ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ.