ತುಕ್ಕು ತಡೆಯುವ ಕೋಟಿಂಗಿನ ಪೇಟೆಂಟ್ ಅರ್ಜಿಗೆ ಕಚೇರಿಯ ಮೊದಲ ಪರೀಕ್ಷಾ ವರದಿ, ಅಂದರೆ ಎಫ್‌ಇಆರ್ ಬಂತು. ಹೋರಾಡುವುದಾ, ಬಿಡುವುದಾ?

ಬೈಕಂಪಾಡಿ ಹುಡುಗ:
ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಉಂಟು, ಬೋಟಿನವರಿಗೆ ವಿಂಚ್ ಭಾಗ, ಕೊಂಡಿ, ಬ್ರಾಕೆಟ್ ಮಾಡಿ ಕೊಡುವುದು. ಮಲ್ಪೆಯಲ್ಲಿ ಏನು ಬಳಿದರೂ ವರ್ಷ ದಾಟುವುದರೊಳಗೆ ತುಕ್ಕು. ಗೇರು ಸಿಪ್ಪೆ ಎಣ್ಣೆಯ ಕಾರ್ಡನಾಲ್‌ನಿಂದ ಮಾಡಿದ ಹಾರ್ಡನರ್, ಎಪಾಕ್ಸಿ, ಜಿಂಕ್ ಫಾಸ್ಫೇಟ್, ಸ್ವಲ್ಪ ಸೈಲೇನ್ ಸೇರಿಸಿ ನಾನೇ ಒಂದು ಕೋಟಿಂಗ್ ಮಾಡಿದ್ದೇನೆ. 2023ರ ಜುಲೈಯಲ್ಲಿ ಪೇಟೆಂಟಿಗೆ ಪ್ರೊವಿಷನಲ್ (ತಾತ್ಕಾಲಿಕ ಅರ್ಜಿ), ಮುಂದಿನ ಜುಲೈಗೆ ಕಂಪ್ಲೀಟ್ (ಪೂರ್ಣ ವಿವರದ ಅರ್ಜಿ) ಹಾಕಿದೆ. ಈಗ ಎಫ್‌ಇಆರ್ ಬಂದಿದೆ. ಮೊದಲೇ ಇದ್ದ ಮೂರು ದಾಖಲೆ ತೋರಿಸಿದ್ದಾರೆ: ಡಿ1ರಲ್ಲಿ ಕಾರ್ಡನಾಲ್ ಹಾರ್ಡನರ್ ಉಂಟಂತೆ, ಡಿ2ರಲ್ಲಿ ಜಿಂಕ್ ಫಾಸ್ಫೇಟ್ ಪ್ರೈಮರ್, ಡಿ3ರಲ್ಲಿ ಸೈಲೇನ್. ಮೂರನ್ನೂ ಸೇರಿಸುವುದು ಈ ಕೆಲಸ ಬಲ್ಲ ಯಾರಿಗೂ ಹೊಳೆಯುತ್ತದೆ ಅಂತ ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ), ಅದರ ಮೇಲೆ ಬರೀ ಮಿಶ್ರಣ ಅಂತ 3(ಇ). ಉತ್ತರಿಸಲು ಇರುವ ಆರು ತಿಂಗಳಲ್ಲಿ ಎರಡು ಹೋಯಿತು. ಉತ್ತರಕ್ಕೆ ಏಜೆಂಟ್ 35,000 ಕೇಳ್ತಾರೆ. ಇದೇ ದಾರಿಯಲ್ಲಿ ಹೋದವರು ಇದ್ದರೆ ಹೇಳಿ ಮಾರಾಯ್ರೆ. ಡಿ2ಕ್ಕೆ ಏನು ಉತ್ತರ ಕೊಡಬಹುದು ಅಂತಲೂ ಗೊತ್ತಾಗ್ತಿಲ್ಲ.

ಪೀಣ್ಯ 2ನೇ ಹಂತ:
ಡಿ2 ಪಕ್ಕಕ್ಕಿಡಿ, ನನ್ನ ಕಥೆ ಕೇಳಿ. ನಂದು ಬೋಲ್ಟು ನಟ್ಟಿನ ಜಿಂಕ್ ಪ್ಲೇಟಿಂಗ್. ಆರರ ಕ್ರೋಮಿಯಂ ಬಿಟ್ಟು ಮೂರರ ಕ್ರೋಮಿಯಂ ಪ್ಯಾಸಿವೇಷನ್ನು, ಅದರ ಮೇಲೆ ನನ್ನದೇ ಒಂದು ಸೀಲರ್. 2018ರಲ್ಲಿ ಪೇಟೆಂಟಿಗೆ ಹಾಕಿದೆ. ಆಗ ಸಣ್ಣ ಘಟಕ ಅಂದ್ರೆ ಫೈಲಿಂಗಿಗೇ 4,000, ಅದಕ್ಕೇ ಕಂಪನಿ ಹೆಸರು ಬಿಟ್ಟು ಸ್ವಂತ ಹೆಸರಲ್ಲಿ 1,600ಕ್ಕೆ ಮುಗಿಸಿದೆ. ಅಲ್ಲಿ ಉಳಿಸಿದ್ದೆಷ್ಟು, ಆಮೇಲೆ ಕಳೆದದ್ದೆಷ್ಟು ನೋಡಿ. ಪರೀಕ್ಷೆ ಮಾಡಿ ಅಂತ ಕೇಳೋ ಫಾರ್ಮ್ 18ಕ್ಕೆ 4,000. ಡ್ರಾಫ್ಟಿಂಗ್ 40,000. ಎಫ್‌ಇಆರ್ ಉತ್ತರ 25,000. ಸಾಲ್ಟ್ ಸ್ಪ್ರೇ (ಉಪ್ಪಿನ ಮಂಜಲ್ಲಿಟ್ಟು ತುಕ್ಕು ನೋಡೋ ಟೆಸ್ಟು) ನಾಲ್ಕು ಸೆಟ್ಟು, ತಲಾ 240 ಗಂಟೆ, ಗಂಟೆಗೆ 40ರಂತೆ 38,400. ಹಿಯರಿಂಗ್ ಎರಡು, ತಲಾ 15,000. ಇದಿಷ್ಟಕ್ಕೆ ಮುಗಿದಿದ್ರೆ ನಾನು ಇಲ್ಲಿ ಬರೀತಿರ್ಲಿಲ್ಲ.

ಪಬ್ಲಿಷ್ ಆದ ಮೇಲೆ 25(1)ರಲ್ಲಿ ಪ್ರೀ ಗ್ರಾಂಟ್ ಅಪೋಸಿಷನ್ (ಪೇಟೆಂಟ್ ಕೊಡೋಕೆ ಮೊದಲೇ ಹಾಕೋ ತಕರಾರು) ಬಿತ್ತು. ಹಾಕಿದವನ ಹೆಸರು ಜನ್ಮದಲ್ಲಿ ಕೇಳಿಲ್ಲ, ಹಿಂದೆ ಯಾರಿದ್ದಾರೆ ಅನ್ನೋದು ಮಾತ್ರ ನಮ್ಮ ರಸ್ತೆ ನಾಯಿಗೂ ಗೊತ್ತು. ಜೊತೆಗಿಟ್ಟ ಸಾಕ್ಷಿ ಏನು ಗೊತ್ತಾ? ನನ್ನದೇ ಬ್ರೋಷರ್. ಫೈಲ್ ಮಾಡೋಕೆ ಐದು ತಿಂಗಳ ಮೊದಲು ಒಂದು ಮೇಳದಲ್ಲಿ ಸ್ಟಾಲ್ ಹಾಕಿದ್ದೆ. ಮಗಳು ಡಿಸೈನ್ ಮಾಡಿಕೊಟ್ಟಿದ್ಲು, ಹಿಂದಿನ ಪುಟದಲ್ಲಿ ಅಂದವಾಗಿ ಬಾತ್ ಚಾರ್ಟ್: ಯಾವ ಟ್ಯಾಂಕಲ್ಲಿ ಏನು, ಎಷ್ಟು ಗ್ರಾಂ, ಎಷ್ಟು ಸೆಕೆಂಡ್. ಒಂದಕ್ಕೆ 7 ರೂಪಾಯಿ ಪ್ರಿಂಟಿಂಗು. ಮೇಳದಲ್ಲಿ ತೋರಿಸಿದ್ರೆ ಒಂದು ವರ್ಷ ವಿನಾಯಿತಿ ಇದೆ ಅಂತ ಯಾರೋ ಹೇಳಿದ್ರು. ಇದೆ, ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹಾಕಿದ ಮೇಳಕ್ಕೆ ಮಾತ್ರ. ನಂದು ಅದಲ್ಲ. ಅಪೋಸಿಷನ್ನಿಗೆ ಉತ್ತರ ಕೊಡೋಕೆ 60,000. ಕೂಡಿ ನೋಡಿ, 1,99,000. ರಿಜೆಕ್ಟ್ ಆರ್ಡರ್ ಹನ್ನೊಂದು ಪುಟ, ಒಂಬತ್ತನೇ ಪುಟದಲ್ಲಿ ನನ್ನ ಮಗಳು ಬರೆದ ಟ್ಯಾಂಕಿನ ಚಿತ್ರ. ಅವಳಿಗೆ ಇವತ್ತಿಗೂ ಹೇಳಿಲ್ಲ.

ಉದ್ಯಮಬಾಗ:
ಇದಕ್ಕ ನಾ ಹೇಳೂದು, ಪೇಟೆಂಟ್ ಯಾಕ ಬೇಕ್ರಿ? ಪೇಟೆಂಟ್ ಅಂದ್ರ ನಿಮ್ಮ ರೆಸಿಪಿ ನೀವ ಟೈಪ್ ಮಾಡಿ, ಮ್ಯಾಲ ರೊಕ್ಕಾನೂ ಕಟ್ಟಿ, ಊರಿಗೆಲ್ಲಾ ಹಂಚೂದು. ಹದಿನೆಂಟು ತಿಂಗಳಿಗೆ ಪಬ್ಲಿಷ್, ಗ್ರಾಂಟ್ ಸಿಗಲಿ ಬಿಡಲಿ. ನಂದು ಫೌಂಡ್ರಿ ಕೆಲಸ, ಪಂಪಿನ ಕಾಸ್ಟಿಂಗಿಗೆ ಒಳಗ ಹಚ್ಚೂ ಕೋಟಿಂಗ್ ಐತಿ. ಎರಡು ಕ್ಯಾನು, ಒಂದರ ಮ್ಯಾಲ ‘1’, ಇನ್ನೊಂದರ ಮ್ಯಾಲ ‘2’. ಒಂದನ್ನ ನಾ ಕಲಸ್ತೀನಿ, ಎರಡನ್ನ ನಮ್ಮ ತಮ್ಮ ಕಲಸ್ತಾನ. ಲೇಬಲ್ ಕಿತ್ತ ಡ್ರಮ್ ರಾತ್ರಿ ಹತ್ತರ ಮ್ಯಾಲ ಒಳಗ ಬರ್ತಾವು. ಹದಿನಾರು ವರ್ಷ ಆತು, ಒಂದ್ ರೂಪಾಯಿ ಫೀ ಇಲ್ಲ, ಒಬ್ಬ ಎಕ್ಸಾಮಿನರ್ ಮುಖಾ ನೋಡಿಲ್ಲ.

ಪೀಣ್ಯ 2ನೇ ಹಂತ:
ಸ್ವಾಮಿ, ಪಂಪ್ ಕಾಸ್ಟಿಂಗ್ ಒಳಗೆ ಯಾರು ಕೈ ಹಾಕಿ ನೋಡ್ತಾರೆ? ನನ್ನ ಬೋಲ್ಟು ಒಂದು ಸಾವಿರ ತಗೊಂಡೋಗಿ ಲ್ಯಾಬಿಗೆ ಕೊಟ್ರೆ ವಾರದಲ್ಲಿ ಒಳಗಿರೋದೆಲ್ಲ ಹೇಳ್ತಾರೆ. ಎಲ್ಲರ ಗುಟ್ಟೂ ಡ್ರಮ್ಮಲ್ಲಿ ಕೂರಲ್ಲ. ಮತ್ತೆ ಕೆಲಸ ಬಿಟ್ಟು ಹೋದವರಿಲ್ವಾ ನಿಮ್ಮಲ್ಲಿ?

ಉದ್ಯಮಬಾಗ:
ಒಬ್ಬ ಹೋಗ್ಯಾನ. ಕೊಲ್ಹಾಪುರಕ್ಕ. ರಜಿಸ್ಟರ್ ಸಮೇತ. ಆದ್ರ ಅದರಾಗ ‘1’ ‘2’ ಅಂತಷ್ಟ ಇತ್ತು.

ಪೀಣ್ಯ 2ನೇ ಹಂತ:
ಆಮೇಲೆ?

ಉದ್ಯಮಬಾಗ:
ಆಮ್ಯಾಲ ಅಂದ್ರ, ಅವರ ಮಾಲಿಗೆ ಗುಳ್ಳೆ ಬರ್ತಾವ ಅಂತ ಕೇಳೀನಿ. ನಮ್ಮ ಎರಡು ಗಿರಾಕಿ ಅಲ್ಲಿಗೆ ಹೋದ್ರು, ಒಬ್ಬ ವಾಪಸ್ ಬಂದ. ಇನ್ನೊಬ್ಬಂದು ಮಾತಾಡೂದು ಬ್ಯಾಡ.

ಚೊಗರು:
ನಾನು ಶಿರಸಿ ಕಡೆಯವಳು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ತುಕ್ಕು ಪರಿವರ್ತಕ ಮಾಡಿದ್ದೇನೆ, ಪೇಟೆಂಟ್ ಸಿಕ್ಕಿದೆ. ಇಲ್ಲಿ ಗೆದ್ದವರ ಮಾತೂ ಒಂದು ಇರಲಿ ಎಂದು ಬರೆಯುತ್ತಿದ್ದೇನೆ. ಅಂಗಳದಲ್ಲಿ ಮೂರು ವರ್ಷ ಬಿದ್ದಿದ್ದ ಗೇಟಿನ ಪಟ್ಟಿಗೆ ಕುಂಚದಲ್ಲಿ ಒಂದು ಎಳೆ ಎಳೆದರೆ ಕೆಂಪು ತುಕ್ಕು ಮೊದಲು ಕಂದಾಗಿ, ಕಾಫಿ ಕುಡಿದು ಬರುವಷ್ಟರಲ್ಲಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಟ್ಯಾನಿನ್ ಕಬ್ಬಿಣದ ಜೊತೆ ಕೂಡಿದ ಗುರುತು ಅದು. ಮರುದಿನ ಉಗುರಿನಲ್ಲಿ ಕೆರೆದರೂ ಪುಡಿ ಬೀಳಬಾರದು. ಮೊದಲ ಹನ್ನೆರಡು ಸಲ ಬಿದ್ದಿತ್ತು, ಚೊಗರಿನ ಸಕ್ಕರೆ ಅಂಶ ತೆಗೆಯದೇ ಇದ್ದುದರಿಂದ.

ನನಗೂ 3(ಇ) ಬಂದಿತ್ತು. ಜೊತೆಗೆ ಸಾಂಪ್ರದಾಯಿಕ ಜ್ಞಾನ ಎಂದು 3(ಪಿ). 3(ಇ)ಗೆ ನನ್ನನ್ನು ಉಳಿಸಿದ್ದು ಮೂರು ಸಾಲಿನ ಒಂದು ಟೇಬಲ್: ತುಕ್ಕು ತಡೆದದ್ದು ಚೊಗರು ಮಾತ್ರ 48 ಗಂಟೆ, ಫಾಸ್ಫೋರಿಕ್ ಆಮ್ಲ ಮಾತ್ರ 24, ಎರಡೂ ಸೇರಿ 168. ಎರಡರ ಮೊತ್ತಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಬರೀ ಮಿಶ್ರಣವಲ್ಲ. ಈ ಟೇಬಲ್ ಫೈಲ್ ಮಾಡಿದ ದಿನವೇ ಅರ್ಜಿಯ ವಿವರಣೆ, ಅಂದರೆ ಸ್ಪೆಸಿಫಿಕೇಷನ್‌ನಲ್ಲಿತ್ತು. 3(ಪಿ)ಗೆ ಮಾತ್ರ ಕ್ಲೇಮನ್ನು (ಯಾವುದಕ್ಕೆ ಹಕ್ಕು ಕೇಳುತ್ತೇವೆ ಎಂಬ ಸಾಲು) ಚೊಗರು ತಿಳಿಗೊಳಿಸುವ ವಿಧಾನ ಮತ್ತು ಒಂದು ಅನುಪಾತಕ್ಕೆ ಇಳಿಸಬೇಕಾಯಿತು. ಹದಿನಾಲ್ಕು ಕ್ಲೇಮ್ ಇದ್ದದ್ದು ಐದಾಯಿತು.

ನನ್ನ ತಪ್ಪು ಬೇರೆ ಕಡೆ ಆಯಿತು. ಫಾರ್ಮ್ 1ರಲ್ಲಿ ಭಾರತದ ಜೈವಿಕ ಸಾಮಗ್ರಿ ಬಳಸಿದ್ದೇವೆ ಎಂಬ ಸಾಲನ್ನು ನಾನೇ ಹೊಡೆದುಹಾಕಿದ್ದೆ. ಮನೆಯ ಅಡಿಕೆ, ಅದಕ್ಕೇನು ಅನುಮತಿ ಅಂದುಕೊಂಡೆ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಇಲ್ಲದೆ ಗ್ರಾಂಟ್ ಇಲ್ಲ ಎಂದಾಗ ಅರ್ಜಿ ಹಾಕಿದೆ. ಬೈಕಂಪಾಡಿಯವರೇ, ನಿಮ್ಮದರಲ್ಲಿ ಗೇರು ಇದೆ. 2024ರಿಂದ ಭಾರತೀಯರಿಗೆ ಅನುಮತಿಯ ಬದಲು ಆ ಪ್ರಾಧಿಕಾರದಲ್ಲಿ ನೋಂದಣಿ; ಅದನ್ನು ಇನ್ನೂ ಕೇಳಿಲ್ಲವೆಂದರೆ ಹಿಯರಿಂಗ್‌ನಲ್ಲಿ ಕೇಳಬಹುದು. ಬೇಗ ಪರೀಕ್ಷಿಸಿ ಎಂದು ಕೇಳುವ ಫಾರ್ಮ್ 18ಎ ಹಾಕಿದ್ದರಿಂದ ಪರೀಕ್ಷೆ ಬೇಗ ಶುರುವಾಯಿತು. ಅದಕ್ಕೆ 8,000 ಮತ್ತು ಬೇಗ ಪ್ರಕಟಿಸಿ ಎಂದು ಕೇಳುವ ಫಾರ್ಮ್ 9ಕ್ಕೆ 2,500. ಮಹಿಳಾ ಅರ್ಜಿದಾರರಿಗೆ ಆ ಸೌಲಭ್ಯ 2019ರಿಂದ ಇದೆ.

ಪೌಡರ್ ಕೋಟ್ ರಾಜ:
ಹೌದು ಮೇಡಂ, ಅದೊಂದು ಒಳ್ಳೆ ಐಡಿಯಾ. ನಾನೂ ನಮ್ಮ ಮನೆಯವಳ ಹೆಸರು ಸೇರಿಸಿ 18ಎ ಹಾಕಿದೆ. ನಿಮ್ಮ ಯಜಮಾನರೂ ಹಾಗೇ ಮಾಡಿದ್ರು ಅನ್ಸುತ್ತೆ.

ಚೊಗರು:
ನಮ್ಮ ಯಜಮಾನರಿಗೆ ಪಿಎಚ್ ಪೇಪರ್ ಯಾವ ತುದಿ ಅದ್ದಬೇಕು ಅಂತಲೂ ಗೊತ್ತಿಲ್ಲ. ಎಂಎಸ್ಸಿ ಕೆಮಿಸ್ಟ್ರಿ ಮಾಡಿದವಳು ನಾನು, ಹನ್ನೆರಡು ಗೇಟಿನ ಪಟ್ಟಿ ಹಾಳು ಮಾಡಿದವಳು ನಾನು. ನಿಮ್ಮ ಮನೆಯವರು ಅರ್ಜಿದಾರರಾದರೆ ಪೇಟೆಂಟ್‌ನಲ್ಲಿ ಅವರಿಗೂ ಪಾಲಿದೆ, ಅದನ್ನು ಅವರಿಗೆ ಹೇಳಿದ್ದೀರಾ?

ಪೌಡರ್ ಕೋಟ್ ರಾಜ:
ತಮಾಷೆಗೆ ಹೇಳಿದೆ ಮೇಡಂ.

ಚೊಗರು:
ನಾನು ತಮಾಷೆಗೆ ಹೇಳಲಿಲ್ಲ.

ಉದ್ಯಮಬಾಗ:
ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಒಂದ ಮಾತ್ ಕೇಳ್ತೀನಿ. ಒಂದ ಅನುಪಾತಕ್ಕ ಪೇಟೆಂಟ್ ಅಂದ್ರ, ಪಕ್ಕದವ ಒಂದ ಪಾಯಿಂಟ್ ಆಚೆ ಈಚೆ ಕಲಸಿದ್ರ ಏನ್ ಮಾಡ್ತೀರಿ? ಮೂರನೇ ವರ್ಷದಿಂದ ಇಪ್ಪತ್ತರ ತನಕ ರಿನ್ಯೂವಲ್ ಲೆಕ್ಕ ಹಾಕೀನಿ, ಸಣ್ಣವರಿಗೂ 76,800 ಆಗ್ತೈತಿ. ಅಷ್ಟ್ರಾಗ ನಾ ಹೊಸ ಮಿಕ್ಸರ್ ತರ್ತೀನಿ.

ಚೊಗರು:
ಮಿಕ್ಸರ್ ತನ್ನಿ. ರಜಿಸ್ಟರ್ ತೆಗೆದುಕೊಂಡು ಹೋಗುವವರಿಗೆ ಅದನ್ನೂ ಕೊಟ್ಟು ಕಳಿಸಿ.

ಕ್ಲೇಮ್ ಬರೆಯುವವ:
ನಾನು ಪೇಟೆಂಟ್ ಏಜೆಂಟ್, ಹನ್ನೊಂದು ವರ್ಷದಿಂದ. ಬೈಕಂಪಾಡಿಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಕಾರ್ಡನಾಲ್ ಹಾರ್ಡನರ್ ಮಾತ್ರ, ಅದಕ್ಕೆ ಜಿಂಕ್ ಫಾಸ್ಫೇಟ್ ಸೇರಿಸಿದ್ದು, ಸೈಲೇನ್ ಸೇರಿಸಿದ್ದು, ಮೂರೂ ಸೇರಿದ್ದು, ಹೀಗೆ ಬೇರೆ ಬೇರೆ ಪ್ಲೇಟುಗಳ ಅಂಕಿ ನಿಮ್ಮ ಕಂಪ್ಲೀಟ್‌ನಲ್ಲಿ ಇದೆಯೇ? ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಹೊಸ ಉದಾಹರಣೆಯನ್ನು ಸ್ಪೆಸಿಫಿಕೇಷನ್ ಒಳಗೆ ಸೇರಿಸಲು ಕಲಂ 59 ಬಿಡುವುದಿಲ್ಲ. ಈಗ ಟೆಸ್ಟ್ ಮಾಡಿಸಿ ಅಫಿಡವಿಟ್ ಜೊತೆ ಕೊಡಬಹುದು. ಮೂಲ ಬರಹದಲ್ಲಿ ಆ ಪರಿಣಾಮದ ಸುಳಿವಾದರೂ ಇದ್ದರೆ ಅದಕ್ಕೆ ತೂಕ. ತಿರಸ್ಕಾರವಾದರೆ ಮೇಲ್ಮನವಿ ಈಗ ಹೈಕೋರ್ಟಿಗೆ, ಮೊದಲು ಅದನ್ನು ಕೇಳುತ್ತಿದ್ದ ಮೇಲ್ಮನವಿ ಮಂಡಳಿ ಐಪಿಎಬಿ 2021ರಲ್ಲಿ ಮುಚ್ಚಿತು. ಕರ್ನಾಟಕದವರ ಕಡತ ಚೆನ್ನೈ ವ್ಯಾಪ್ತಿಯದ್ದು, ಆದ್ದರಿಂದ ಮದ್ರಾಸ್ ಹೈಕೋರ್ಟ್.

ಪೀಣ್ಯ 2ನೇ ಹಂತ:
ಬಂದ್ರಪ್ಪ, ಮೀಟರ್ ಹಾಕ್ಕೊಂಡು. ಡ್ರಾಫ್ಟ್ ಮಾಡೋವಾಗಲೇ ಈ ಟೇಬಲ್ ಬೇಕು ಅಂತ ನಿಮ್ಮೋರು ಯಾಕೆ ಕೇಳಲ್ಲ? ನನ್ನ ಏಜೆಂಟು ಬ್ರೋಷರ್ ಬಗ್ಗೆ ಒಂದು ಮಾತು ಕೇಳಿದ್ರೆ 1,99,000 ಉಳೀತಿತ್ತು.

ಕ್ಲೇಮ್ ಬರೆಯುವವ:
ಕೇಳುತ್ತೇವೆ ಸಾರ್. ‘ಎಲ್ಲೂ ತೋರಿಸಿಲ್ಲ’ ಎನ್ನುತ್ತಾರೆ. ಟೇಬಲ್ ಕೇಳಿದರೆ ಕೈಬರಹದ ಒಂದು ಚೀಟಿ, ಅದರ ಮೇಲೆ ಚಹಾದ ಲೋಟದ ಗುರುತು, ಅದರ ಫೋಟೋ ವಾಟ್ಸಾಪಿಗೆ ಬರುತ್ತದೆ. ‘ತುಂಬಾ ಚೆನ್ನಾಗಿ ಬಂತು’ ಅಂತ ಬರೆದಿರುತ್ತಾರೆ. ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ಪೀಣ್ಯ 2ನೇ ಹಂತ:
ಆ ಚಹಾ ಲೋಟದ ಮಾತು ನನಗೇ ಹೇಳಿದ್ದಾ?

ಪೌಡರ್ ಕೋಟ್ ರಾಜ:
ಜಗಳ ಬಿಡಿ, ಸಾಲ್ಟ್ ಸ್ಪ್ರೇ ಬಗ್ಗೆ ಮಾತಾಡಿ. ಅದರ ಸ್ಟ್ಯಾಂಡರ್ಡ್ ಬಿ117 ಅಂದ್ರೆ 35 ಡಿಗ್ರಿ, ಐದು ಪರ್ಸೆಂಟ್ ಉಪ್ಪು, ಬಿಡದೆ ಮಂಜು. ನಾನು ಕೊಟ್ಟಿದ್ದ ಕಡೆ ಪ್ಲೇಟಿನ ಅಂಚಿಗೆ ಮೇಣವನ್ನೇ ಹಚ್ಚಿರಲಿಲ್ಲ. ಕತ್ತರಿಸಿದ ಅಂಚಿಂದ ತುಕ್ಕು ಇಳಿದು ಪ್ಲೇಟ್ ಮಧ್ಯಕ್ಕೆ ಬಂದಿತ್ತು, ರಿಪೋರ್ಟಲ್ಲಿ ಕೋಟಿಂಗ್ ಫೇಲ್. ಮತ್ತೆ ಮಾಡಿಸಿದ್ರೆ ಪಾಸ್. ಎರಡು ಬಿಲ್.

ಪೀಣ್ಯ 2ನೇ ಹಂತ:
ಪೌಡರ್ ಹಾಕೋ ಮೊದಲು ತೊಳೆದು ಫಾಸ್ಫೇಟ್ ಮಾಡೋಕೆ ಏಳು ಟ್ಯಾಂಕ್ ಅಂತ ಬೋರ್ಡ್ ಹಾಕಿ ಮೂರರಲ್ಲಿ ಅದ್ದಿ ತೆಗೆಯೋರಿಗೆ ಲ್ಯಾಬ್ ಮೇಲೆ ಕೋಪ. ಫಾಸ್ಫೇಟ್ ಸರಿಯಾಗಿ ಕೂತಿದ್ರೆ ಅಂಚಿಂದ ಅಷ್ಟು ದೂರ ಹರಿಯಲ್ಲ ಕಣ್ರೀ.

ಪೌಡರ್ ಕೋಟ್ ರಾಜ:
ನಮ್ಮ ಶೆಡ್ಡಿಗೆ ಬನ್ನಿ, ಎಣಿಸಿ. ಏಳೂ ಇವೆ.

ಪೀಣ್ಯ 2ನೇ ಹಂತ:
ಇರೋದು ಗೊತ್ತು. ನೀರಿದೆಯಾ?

ಉದ್ಯಮಬಾಗ:
ಮಲ್ಪೆದಾಗ ಬಿಡದ ಮಂಜು ಎಲ್ಲೈತಿ? ಹಗಲ ಬಿಸಲು, ರಾತ್ರಿ ಉಪ್ಪಿನ ಗಾಳಿ. ಒಣಗೂದು, ತೊಯ್ಯೂದು. ಪೆಟ್ಟಿಗಿಯೊಳಗಿನ ಗಂಟೆಗೂ ಸಮುದ್ರದ ಗಂಟೆಗೂ ಸಂಬಂಧಿಲ್ಲ.

ಬೈಕಂಪಾಡಿ ಹುಡುಗ:
ಅದನ್ನೇ ನಾನೂ ಹೇಳುವುದು. ಲ್ಯಾಬಿನ ಅಂಕಿ ನನ್ನಲ್ಲಿ ಕಡಿಮೆ, ಮೂರೂ ಸೇರಿದ್ದು ಮಾತ್ರ ಮಾಡಿಸಿದ್ದು. ಆದರೆ ಪ್ಲೇಟ್‌ಗಳನ್ನು ಮೂರು ಬೋಟಿಗೆ ಕಟ್ಟಿದ್ದೆ, 14 ತಿಂಗಳು. ಜಿಂಕ್ ಫಾಸ್ಫೇಟ್ ಮಾತ್ರ ಇದ್ದದ್ದು ನಾಲ್ಕನೇ ತಿಂಗಳಿಗೆ ತೂತು, ಸೈಲೇನ್ ಇಲ್ಲದ್ದು ಬ್ರಾಕೆಟ್ ಉಜ್ಜುವಲ್ಲಿ ಸಿಪ್ಪೆ ಎದ್ದಿತು, ಮೂರೂ ಸೇರಿದ್ದಕ್ಕೆ ಗೀರಿದ ಗೆರೆಯಲ್ಲಿ ಮಾತ್ರ ಸ್ವಲ್ಪ ಕೆಂಪು. ಫೋಟೋ ಉಂಟು, ತಾರೀಕು ಸಮೇತ. ಇದನ್ನು ಅಫಿಡವಿಟ್‌ನಲ್ಲಿ ಕೊಡಬಹುದಾ?

ಕ್ಲೇಮ್ ಬರೆಯುವವ:
ಒಂದು ನಿಮಿಷ. ಬೋಟು ನಿಮ್ಮದೇ?

ಬೈಕಂಪಾಡಿ ಹುಡುಗ:
ಅಲ್ಲ, ಪರಿಚಯದವರದ್ದು.

ಕ್ಲೇಮ್ ಬರೆಯುವವ:
ಕಟ್ಟಿದ್ದು ಪ್ರೊವಿಷನಲ್‌ಗೆ ಮೊದಲೋ ನಂತರವೋ?

ಬೈಕಂಪಾಡಿ ಹುಡುಗ:
ಮೊದಲೇ. ಏನಾಯಿತು?

ಪೀಣ್ಯ 2ನೇ ಹಂತ:
ಅಯ್ಯೋ ಹುಡುಗಾ. ನನ್ನ ಬ್ರೋಷರು ಮೇಳದಲ್ಲಾದ್ರೂ ಇತ್ತು.

ಕ್ಲೇಮ್ ಬರೆಯುವವ:
ಹೆದರಬೇಡಿ, ಆದರೆ ಇನ್ನು ಇಲ್ಲಿ ಬರೆಯಬೇಡಿ. ಸಾರ್ವಜನಿಕವಾಗಿ ಪರೀಕ್ಷಿಸಲೇಬೇಕಾದ ವಸ್ತುವಿಗೆ ಕಲಂ 32ರ ರಕ್ಷಣೆ ಇದೆ. ಪರೀಕ್ಷೆಗೆಂದೇ ಆಗಿರಬೇಕು, ಆದ್ಯತಾ ದಿನಾಂಕಕ್ಕೆ, ಅಂದರೆ ನಿಮ್ಮ ಪ್ರೊವಿಷನಲ್ ಹಾಕಿದ ದಿನಕ್ಕೆ, ಹಿಂದಿನ ಒಂದು ವರ್ಷದ ಒಳಗಿನದಾಗಿರಬೇಕು. ಕಟ್ಟಿದ ದಿನ ಯಾವುದು?

ಬೈಕಂಪಾಡಿ ಹುಡುಗ:
ಜೂನ್, ಜುಲೈ ಮೀನುಗಾರಿಕೆಗೆ ರಜೆ ಅಲ್ವಾ, ಬೋಟುಗಳೆಲ್ಲ ದಕ್ಕೆಯಲ್ಲಿ. ಆಗಲೇ ಕಟ್ಟಿದ್ದು. 2022ರ ಜುಲೈ ಕೊನೆಯ ವಾರ, ಫೋಟೋದಲ್ಲಿ 27 ಅಂತ ಉಂಟು. ಪ್ರೊವಿಷನಲ್ 2023ರ ಜುಲೈ 19.

ಚೊಗರು:
ಎಂಟು ದಿನ! ಎಂಟೇ ದಿನದಲ್ಲಿ ಒಳಗಿದ್ದೀರಿ.

ಕ್ಲೇಮ್ ಬರೆಯುವವ:
ಮಾಲೀಕರಿಂದ ಹಣ ತೆಗೆದುಕೊಂಡಿದ್ದೀರಾ? ಮಾರಾಟ ಎಂದಾದರೆ ಕಷ್ಟ.

ಬೈಕಂಪಾಡಿ ಹುಡುಗ:
ಹಣ ಇಲ್ಲ. ಅವರೇ ಪ್ರೀತಿಯಿಂದ ಬುಟ್ಟಿ ತುಂಬಾ ಬಂಗುಡೆ ಕೊಟ್ಟಿದ್ದರು. ಮೂರು ಸಲ.

ಉದ್ಯಮಬಾಗ:
ಏಜೆಂಟ್ರ, ಈಗ ಹೇಳ್ರಿ, ಬಂಗುಡೆಗೆ ಯಾವ ಕಲಂ?

ಕ್ಲೇಮ್ ಬರೆಯುವವ:
ನೋಡುತ್ತಿದ್ದೇನೆ.